ಗಾಣದ ಮನೆಯ ಬಸುರಿ ಮತ್ತು ನಾವು ಮೂವರು

ನಾಲ್ಕು ಜನ ಹೆಂಗಸರು ಸೇರಿ ಒಂದು ಒಳ್ಳೆಯ ಕೆಲಸ ಮಾಡೋಣ ಅಂತ ಕೂತರೆ ಸಾಕು, ನಗೆಪಾಟಲು ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ. ಸುರಪುರದ ನಮ್ಮ ಓಣಿಗೆ ಅದು ವಾರಕ್ಕೊಮ್ಮೆಯಾದರೂ ಬಂದು ಹೋಗುತ್ತಿತ್ತು.

ನಿಜಾಮರ ರಾಜ್ಯ ಮುಗಿದು ನಾವೂ ಹಿಂದೂಸ್ಥಾನದೊಳಗೆ ಸೇರಿದ ಹೊಸತು. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿತ್ತು, ಸಂತೆಯಲ್ಲಿ ನಿಜಾಮರ ಹಾಲಿ ಸಿಕ್ಕಾ ನಾಣ್ಯ ಹೋಗಿ ಹೊಸ ರೂಪಾಯಿ ಬರುತ್ತಿತ್ತು, ಎಲ್ಲಿಂದಲೋ ಹೊಸ ಹೊಸ ಸಾಹೇಬರು ಬರುತ್ತಿದ್ದರು. ನಾನು ಮಾತ್ರ ಹಳೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಓಣಿಯ ಹೆಂಗಸರಿಗೆ ಕುಬಸ ಹೊಲಿಯುತ್ತಿದ್ದೆ.

ನನಗೆ ಮೂವರು ಗೆಳತಿಯರು. ಒಬ್ಬಳು ಮನೆ ಮನೆಗೆ ಹೋಗಿ ಬಳೆ ಇಡುವ ಮುಸಲ್ಮಾನರ ಹೆಣ್ಣುಮಗಳು. ಊರೆಲ್ಲ ಅವಳನ್ನು ಬೂಬು ಅನ್ನುತ್ತಿತ್ತು. ಇನ್ನೊಬ್ಬಳು ದೇವಾಪುರದಿಂದ ಮದುವೆಯಾಗಿ ಬಂದವಳು, ಕುರಿ ಸಾಕುವ ಮನೆತನ, ನಮಗೆಲ್ಲ ಕುರಿ ಅಕ್ಕ. ಮೂರನೆಯವಳು ಎಣ್ಣೆ ಗಾಣದ ಮನೆಯ ಸೊಸೆ. ಈ ಸಂಗತಿಗಳೆಲ್ಲ ಅವಳ ಹೊಟ್ಟೆಯ ಸುತ್ತ ನಡೆದವು.

ಅವಳಿಗೆ ಆಗಲೇ ಎರಡು ಸಲ ಬಸುರು ಕೈ ತಪ್ಪಿತ್ತು. ಒಂದು ಹೊಟ್ಟೆಯಲ್ಲೇ ಹೋಯಿತು, ಇನ್ನೊಂದು ಹುಟ್ಟಿ ಕಣ್ಣು ಬಿಡುವ ಮೊದಲೇ ಹೋಯಿತು. ತವರಿನಲ್ಲಿ ತಾಯಿ ಇಲ್ಲ. ಮೂರನೆಯದು ನಿಂತಾಗ ಕುಬಸದ ಅಳತೆಗೆ ನನ್ನ ಹತ್ತಿರ ಬಂದಳು. ಹೊಟ್ಟೆ ಬೆಳೆದಿತ್ತು, ತೋಳು ಮಾತ್ರ ಹೋದ ವರ್ಷಕ್ಕಿಂತ ಸೊರಗಿತ್ತು. ಅವತ್ತೇ ನಾನು, ಬೂಬು, ಕುರಿ ಅಕ್ಕ ಮೂವರೂ ಸೇರಿ ಅವಳನ್ನು ದವಾಖಾನೆಯ ನರ್ಸ್‌ಬಾಯಿಯ ಹತ್ತಿರ ಕರೆದುಕೊಂಡು ಹೋದೆವು. ಆಕೆ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಮೈಯಾಗ ರಕ್ತನ ಇಲ್ಲ. ಹೊಟ್ಟಿ ತುಂಬ ಉಣಬೇಕು, ದಿನಾ ನಡೀಬೇಕು, ಹಲ್ಲಿಗೆ ಮಿಶ್ರಿ ಹಚ್ಚೂದು ಬಿಡಬೇಕು. ಇಲ್ಲಂದ್ರ ಈ ಸಲಾನೂ ಕಷ್ಟ," ಅಂದಳು.

ಈ ಸಲ ಹಾಗೆ ಆಗಗೊಡುವುದಿಲ್ಲ ಅಂತ ದವಾಖಾನೆಯ ಮೆಟ್ಟಿಲ ಮೇಲೆಯೇ ತೀರ್ಮಾನ ಮಾಡಿದೆವು.

ಹಲ್ಲು ಕಿಸಿಯುವ ಕೆಲಸ

ಮಿಶ್ರಿ ಅಂದರೆ ತಂಬಾಕು ಹುರಿದು ಮಾಡಿದ ಕಪ್ಪು ಪುಡಿ. ಬೆಳಿಗ್ಗೆ ಎದ್ದು ಅದನ್ನು ಹಲ್ಲಿಗೆ ತಿಕ್ಕದಿದ್ದರೆ ನಮ್ಮ ಕಡೆಯ ಹೆಂಗಸರಿಗೆ ಕಣ್ಣೇ ತೆರೆಯುತ್ತಿರಲಿಲ್ಲ. ಗಾಣದ ಮನೆ ಸೊಸೆ, "ನೀವು ಮೂರೂ ಮಂದಿ ಹಚ್ಚಿಕೋತ ಕುಂತ್ರ ನಾ ಒಬ್ಬಾಕಿ ಹ್ಯಾಂಗ ಬಿಡ್ಲಿ?" ಅಂದಳು. ಮಾತು ಸರಿ ಇತ್ತು. ನಾಲ್ವರೂ ಬಿಟ್ಟೆವು.

ಮೊದಲ ದಿನಗಳ ಅವಸ್ಥೆ ಹೇಳಬಾರದು. ತಲೆ ಸಿಡಿತ, ಮೈಪರಚಿಕೊಳ್ಳುವ ಸಿಟ್ಟು. ನನ್ನ ಗಂಡ ಕೈ ಮುಗಿದು, "ನಾನ ಸಂತಿಯಿಂದ ತಂದ್ಕೊಡ್ತೀನಿ, ಹಚ್ಕೊಂಡುಬಿಡು ಮಾರಾಯ್ತಿ," ಅಂದ. ನಾನು ಜಗ್ಗಲಿಲ್ಲ.

ಆದರೆ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಬೇಕಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಬಾವಿಯ ಕಟ್ಟೆಯ ಹತ್ತಿರ ಎದುರುಬದುರು ನಿಂತು ಹಲ್ಲು ಕಿಸಿದು ತೋರಿಸುವ ಪದ್ಧತಿ ಇಟ್ಟೆವು. ಒಂದು ದಿನ ಹಾಗೆ ಹಲ್ಲು ಕಿಸಿದು ನಿಂತಾಗಲೇ ಹೊಸ ಸಾಹೇಬರ ಜೀಪು ಬಂತು. ಬಾಯಿ ಮುಚ್ಚುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಸಾಹೇಬರು ನಮ್ಮನ್ನೇ ನೋಡಿಕೊಂಡು ಮುಂದೆ ಹೋದರು.

ಸಂಜೆ ಚಾವಡಿಯ ಮುಂದೆ ಅವರ ಭಾಷಣ. ಮುಂಬಯಿ ಕಡೆಯಿಂದ ಬಂದವರು, ಪುಸ್ತಕದಂಥ ಕನ್ನಡ. "ಇಂದು ಮುಂಜಾನೆ ಈ ಊರಿನ ಸಹೋದರಿಯರ ಮುಖದಲ್ಲಿ ನಾನು ನಗುವನ್ನು ಕಂಡೆ. ಹೊಸ ಸರಕಾರ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಾಳೆಯೂ ಅದೇ ದಾರಿಯಲ್ಲಿ ಬಂದು ಆ ನಗುವನ್ನು ನೋಡಿ ಹೋಗುತ್ತೇನೆ," ಅಂದರು. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು.

ಕುರಿ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದಳು. "ನಾಳಿ ನಾ ನಗೂದಿಲ್ಲ ತಂಗಿ. ತಡಿಲಾರದ ಇವತ್ತ ಮಧ್ಯಾಹ್ನ ಒಂದ್ ಚಿಟಿಕಿ ಹಚ್ಚೇನಿ. ಸರಕಾರಕ್ಕ ಕೆಟ್ಟ ಹೆಸರು ಬರ್ತೈತಿ."

ದೂರದ ಬಾವಿ

ನಡೆಯುವುದು ಇನ್ನೊಂದು ತಾಪತ್ರಯ. ಕೆಲಸವಿಲ್ಲದೆ ಹೆಂಗಸು ಬೀದಿಯಲ್ಲಿ ನಡೆಯುವುದೆಂದರೇನು? ಗಾಣದ ಮನೆಯ ಅತ್ತೆ, "ಸುಮ್ಮ ಸುಮ್ಮನ ತಿರಗಾಕ ಆಕಿ ಏನು ಊರ ಗೌಡತೀನೇನು?" ಅಂದಳು. ಅದಕ್ಕೆ ನೀರಿನ ಕೊಡದ ನೆಪ ಹೂಡಿದೆವು. ಓಣಿಯ ಬಾವಿ ಬಿಟ್ಟು ಗುಡ್ಡದ ಬುಡದ ಬಾವಿಗೆ ಹೋಗುವುದು, ಬರುವಾಗ ತುಂಬಿದ ಕೊಡ ನಾವು ಹೊರುವುದು, ಬಸುರಿಯ ಕೈಯಲ್ಲಿ ಒಂದು ತಂಬಿಗೆ.

ನಾಲ್ಕು ಜನ ಹೆಂಗಸರು ಹತ್ತಿರದ ಬಾವಿ ದಾಟಿಕೊಂಡು ದೂರದ ಬಾವಿಗೆ ಹೋದರೆ ಊರು ಬಿಡುತ್ತದೆಯೇ? ಒಬ್ಬಳು ತಡೆದು ಕೇಳಿದಳು: "ಯಾಕವಾ, ಈ ಬಾವಿಗಿ ಏನಾಗೈತಿ?" ಬಸುರಿನ ವಿಷಯ ಬೀದಿಯಲ್ಲಿ ಆಡಿದರೆ ದೃಷ್ಟಿಯಾದೀತು ಅಂತ ನಮ್ಮ ಹೆದರಿಕೆ. ಬೂಬು ಸೆರಗು ಸರಿ ಮಾಡಿಕೊಂಡು, "ಏನಿಲ್ಲ ಬಿಡ್ರಿ," ಅಂದಳು. ಅವಳು ಅಂದ ರೀತಿ ಹೇಗಿತ್ತೆಂದರೆ, ಹೆಣ ಬಿದ್ದಿದೆ ಅಂದಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಸಂಜೆಯೊಳಗೆ ಊರವರ ಬಾಯಲ್ಲಿ ಬಾವಿಗೆ ಹಾವು ಬಿದ್ದಿತು. ಮರುದಿನ ಹಾವು ಹೋಗಿ ರಜಾಕಾರರು ಓಡುವಾಗ ಒಗೆದ ಬಂದೂಕು ಬಂದವು. ಇಡೀ ಓಣಿ ಕೊಡ ಹೊತ್ತು ನಮ್ಮ ಬೆನ್ನು ಹತ್ತಿತು. ಬಂದೂಕಿನ ಮಾತು ಪೊಲೀಸರ ಕಿವಿಗೆ ಬಿದ್ದು, ಠಾಣೆಯ ಅಮೀನರು ಬಂದು, ಆಳು ಹಚ್ಚಿ, ಬಾವಿಯ ನೀರೆಲ್ಲ ಎತ್ತಿಸಿ ಹೂಳು ತೆಗೆಸಿದರು. ಬಂದೂಕು ಸಿಗಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ತೆಗೆಯದ ಹೂಳು ಹೋಗಿ ಬಾವಿಗೆ ಕನ್ನಡಿಯಂಥ ನೀರು ಬಂತು. ನಮ್ಮ ಓಣಿಗೆ ನಾವು ಮಾಡಿಸಿಕೊಟ್ಟ ಕೆಲಸ ಅದು ಅಂತ ನನಗೆ ಇವತ್ತಿಗೂ ಹೆಮ್ಮೆ.

ಹೂಳಿನಲ್ಲಿ ಒಂದು ತಾಮ್ರದ ಕೊಡ ಸಿಕ್ಕಿತು, ಅದು ಗಾಣದ ಮನೆಯದು. ಅದನ್ನು ಕುರಿ ಅಕ್ಕನ ಮನೆಯವರೇ ಕದ್ದಿದ್ದಾರೆ ಅಂತ ಅತ್ತೆ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು. ಅಮೀನರ ಜೊತೆ ಬಂದಿದ್ದ ಜಮಾದಾರ ಎಲ್ಲರೆದುರು ಕೊಡ ತಂದು ಅವಳ ಮುಂದೆ ಇಟ್ಟ. ಅವಳು ತಿರುಗಿಸಿ ಮುರುಗಿಸಿ ನೋಡಿ ಅಂದಳು: "ಕದ್ದವರು ಅಂಜಿ ಬಾವ್ಯಾಗ ಒಗದಾರ."

ಬುತ್ತಿಯ ಮೇಲೆ ಬುತ್ತಿ

ಆ ಅತ್ತೆ ಕೆಟ್ಟವಳಲ್ಲ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪಾಗುತ್ತದೆ, ಕೂಸು ದಪ್ಪಾದರೆ ಹೆರಿಗೆ ಕಷ್ಟ ಅನ್ನುವುದು ಅವಳ ಖಾತ್ರಿ. ಎರಡು ಕೂಸು ಕಳೆದುಕೊಂಡ ಭಯ ಅವಳಿಗೂ ಇತ್ತು. ಆ ಭಯಕ್ಕೆ ಅವಳು ಕಂಡುಕೊಂಡ ಮದ್ದು ಅರ್ಧ ರೊಟ್ಟಿ.

ನರ್ಸ್‌ಬಾಯಿ ಮನೆಗೆ ಬಂದು ಬುದ್ಧಿ ಹೇಳಿ ನೋಡಿದಳು. ಅತ್ತೆ ಎಲ್ಲ ಕೇಳಿಸಿಕೊಂಡು, "ನಿನಗ ಮಕ್ಕಳೆಷ್ಟವಾ?" ಅಂದಳು.

"ನಂದಿನ್ನೂ ಮದುವಿ ಆಗಿಲ್ರಿ."

"ಹಂಗಾರ ಚಾ ಕುಡದು ಹೋಗು."

ದಾರಿ ಹುಡುಕಿದವಳು ಕುರಿ ಅಕ್ಕ. ಬಸುರಿಗೆ ಬಯಕೆ ಬುತ್ತಿ ತರುವುದು ನಮ್ಮ ಕಡೆಯ ಶಾಸ್ತ್ರ, ಬಂದ ಬುತ್ತಿ ಬೇಡ ಅನ್ನುವಂತಿಲ್ಲ. "ಆಕಿಗೆ ತವರಿಲ್ಲ. ನಾವ ತವರು. ಒಂದ ಸಲ ತರಬೇಕು ಅಂತ ಯಾರು ಅಂದಾರ?" ಅಂದಳು.

ಶುರುವಾಯಿತು. ನಾನು ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು. ಎರಡು ದಿನ ಬಿಟ್ಟು ಕುರಿ ಅಕ್ಕನ ಗಟ್ಟಿ ಮೊಸರು, ಬೆಣ್ಣೆ. ಆ ಮನೆಯಲ್ಲಿ ಬೂಬುನ ಕೈಯ ಅಡುಗೆ ನಡೆಯುತ್ತಿರಲಿಲ್ಲ, ಹಾಗಾಗಿ ಅವಳು ಬಳೆಯ ಬುಟ್ಟಿಯಲ್ಲಿ ಶೇಂಗಾ, ಬೆಲ್ಲ, ಉತ್ತತ್ತಿ ತರುತ್ತಿದ್ದಳು. ಸುತ್ತು ಮುಗಿದರೆ ಮತ್ತೆ ನಾನು. ಅತ್ತೆಗೆ ಸಿಟ್ಟು ಬಂದರೂ ಬಾಗಿಲಿಗೆ ಬಂದ ಬುತ್ತಿಯನ್ನು ಹಿಂದಕ್ಕೆ ಕಳಿಸುವ ಧೈರ್ಯ ಬರಲಿಲ್ಲ. ಮೇಲಾಗಿ ಬಸುರಿ ಒಬ್ಬಳೇ ಬುತ್ತಿ ಉಣ್ಣಬಾರದು, ಪಕ್ಕದಲ್ಲಿ ಒಬ್ಬ ಮುತ್ತೈದೆ ಕೂತು ಉಣ್ಣಬೇಕು. ಮನೆಯಲ್ಲಿದ್ದ ಇನ್ನೊಬ್ಬ ಮುತ್ತೈದೆ ಅತ್ತೆಯೇ.

ಒಂದೆರಡು ತಿಂಗಳಲ್ಲಿ ಸೊಸೆಯ ಕುಬಸದ ತೋಳು ಬಿಗಿಯಾಯಿತು. ಹೊಲಿಗೆ ಬಿಚ್ಚಿ ಅಗಲ ಮಾಡುವಾಗ ನನಗೆ ಖುಷಿಗೆ ಕಣ್ಣೀರು ಬಂದು ಸೂಜಿಯೇ ಕಾಣಲಿಲ್ಲ. ಅದೇ ವಾರ ಅತ್ತೆ ಬಂದು ತನ್ನ ಕುಬಸವನ್ನು ನನ್ನ ಮುಂದೆ ಒಗೆದಳು. "ಏನು ಹೊಲದೀಯವಾ? ತೋಳು ಏರವಲ್ದು, ಎದಿ ಕೂಡವಲ್ದು. ನಿನ್ನ ಹೊಲಿಗಿ ಮೊದಲಿನಂಗ ಉಳಿದಿಲ್ಲ."

ಮಾರಿದ ಕೂಸು

ಹೆರಿಗೆ ದವಾಖಾನೆಯಲ್ಲೇ ಆಯಿತು. ಅತ್ತೆ ಮನೆಯಲ್ಲೇ ಆಗಲಿ ಅಂತ ಪಟ್ಟು ಹಿಡಿದಿದ್ದಳು, ಆದರೆ ಬೇನೆ ಶುರುವಾದಾಗ ಹಳೆಯದೆಲ್ಲ ನೆನಪಾಗಿ ತಾನೇ ಗಾಡಿ ಹೂಡಿಸಿದಳು. ನಾವು ಮೂವರೂ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿಸಿತು. ಹೆಣ್ಣು, ದುಂಡಗೆ ಇತ್ತು. ಕುರಿ ಅಕ್ಕ ನೆಲಕ್ಕೆ ಹಣೆ ಹಚ್ಚಿದಳು. ನನ್ನ ಎದೆ ಅಷ್ಟು ಉಬ್ಬಿದ್ದು ನನ್ನ ಸ್ವಂತ ಮಕ್ಕಳು ಹುಟ್ಟಿದಾಗಲೂ ಇಲ್ಲ.

ಮನೆಗೆ ಬಂದ ಮೇಲೆ ಅತ್ತೆ ಇನ್ನೊಂದು ಶಾಸ್ತ್ರ ತೆಗೆದಳು. ಕೂಸು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಬೇರೆಯವರಿಗೆ ತೌಡಿಗೆ ಮಾರಿಬಿಡುವುದು. ಆಗ ಕೂಸು ಆ ಮನೆಯದಲ್ಲ, ವಿಧಿ ಹುಡುಕಿಕೊಂಡು ಬಂದರೂ ಸಿಗುವುದಿಲ್ಲ. ಮಾರಿದ್ದು ಯಾರಿಗೆ? ಬೂಬುಗೆ. "ವಿಧಿ ಎಲ್ಲಿ ಹುಡಿಕಿದ್ರೂ ಸಾಬರ ಮನ್ಯಾಗ ನನ್ನ ಮೊಮ್ಮಗಳನ್ನ ಹುಡುಕೂದಿಲ್ಲ," ಅಂತ ಅವಳ ಲೆಕ್ಕ. ಮೊರದಲ್ಲಿ ಕೂಸನ್ನು ಇಟ್ಟು ಕೊಟ್ಟಳು, ಬೂಬು ಒಂದು ಬೊಗಸೆ ತೌಡು ಅವಳ ಉಡಿಗೆ ಹಾಕಿದಳು. ಕೂಸಿಗೆ ಫಕೀರವ್ವ ಅಂತ ಹೆಸರಾಯಿತು. ಸಾಕಲಿಕ್ಕೆ ಅಂತ ಕೂಸನ್ನು ತಾಯಿಯ ಮಗ್ಗುಲಿಗೇ ಬಿಟ್ಟು ಬೂಬು ಮನೆಗೆ ಹೋದಳು.

ಕೆಲವು ದಿನ ಬಿಟ್ಟು ನಾವು ನೋಡಲು ಹೋದರೆ ಬಾಣಂತಿಯ ತುಟಿ ಒಡೆದಿತ್ತು. ಬಾಣಂತಿಗೆ ನೀರು ಕೊಟ್ಟರೆ ಮೈ ಬಾವು ಬರುತ್ತದೆ ಅಂತ ಅತ್ತೆ ಕೊಡುತ್ತಿದ್ದದ್ದು ಗುಟುಕು ನೀರು, ಬೆಳ್ಳುಳ್ಳಿಯ ಜೊತೆ ಒಣ ರೊಟ್ಟಿಯ ಚೂರು. ಹಾಲು ಸಾಲದೆ ಕೂಸು ಕಿರುಗುಡುತ್ತಿತ್ತು. ಇಷ್ಟು ದೂರ ಬಂದು ಇಲ್ಲಿ ಕಳೆದುಕೊಳ್ಳುವುದೇ? ನಾನು ಜಗಳಕ್ಕೆ ಬಾಯಿ ತೆರೆಯುವುದರೊಳಗೆ ಬೂಬು ಬಳೆಯ ಬುಟ್ಟಿ ಕೆಳಗಿಟ್ಟಳು.

"ಅವ್ವಾರ, ನನ್ನ ಮಗಳನ್ನ ಕರಕೊಂಡು ಹೋಗಾಕ ಬಂದೀನ್ರಿ."

ಅತ್ತೆ ಬೆಪ್ಪಾದಳು. "ಹಂಗಂದ್ರ ಹ್ಯಾಂಗ ಬೂಬು? ಅದು ಶಾಸ್ತ್ರಕ್ಕ ಮಾರಿದ್ದು."

"ಶಾಸ್ತ್ರ ಸುಳ್ಳಂತ ಹೇಳ್ರಿ. ತೌಡು ತಿರುಗಿ ಕೊಡ್ರಿ, ನಾ ಸುಮ್ಮನ ಹೋಗ್ತೀನಿ."

ಸುಳ್ಳು ಅಂದರೆ ವಿಧಿಯ ಕಿವಿಗೆ ಬೀಳುತ್ತದಲ್ಲ. ಅತ್ತೆ ಜಂತಿ ನೋಡಿದಳು, ಬಾಗಿಲು ನೋಡಿದಳು. ಕಡೆಗೆ ಸಣ್ಣ ದನಿಯಲ್ಲಿ, "ಖರೇನ ಮಾರೇನಿ," ಅಂದಳು.

"ಖರೇ ಅಂದಮ್ಯಾಲೆ ಕೂಸು ನಂದು. ಕೂಸಿಗಿ ಹಾಲು ಕುಡಸಾಕಿ ನನ್ನ ಆಳು. ನನ್ನ ಆಳಿಗಿ ನೀರು ಕೊಡಬ್ಯಾಡ ಅನ್ನಾಕ ನೀವು ಯಾರ್ರೀ? ಆಕಿಗಿ ಏನು ಹಾಕಬೇಕು ಅನ್ನೂದು ನಾ ಹೇಳ್ತೀನಿ, ನೀವು ಹಾಕ್ರಿ. ಇಲ್ಲಂದ್ರ ತಾಯಿ ಮಗಳು ಇಬ್ಬರನ್ನೂ ನನ್ನ ಮನಿಗಿ ಒಯ್ತೀನಿ."

ಅತ್ತೆ ತಾನೇ ಒಳಗೆ ಹೋಗಿ, ಕಾಯಿಸಿ ಆರಿಸಿದ ನೀರನ್ನು ದೊಡ್ಡ ತಂಬಿಗೆಯಲ್ಲಿ ತಂದು ಬಾಣಂತಿಯ ಕೈಗೆ ಕೊಟ್ಟಳು. ಅವಳು ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ಅವತ್ತಿನಿಂದ ಬೂಬು ದಿನಾ ಸಂಜೆ ಹೊಸ್ತಿಲ ಹೊರಗೆ ನಿಂತು, "ನನ್ನ ಆಳು ಏನು ಉಂಡಾಳ್ರಿ?" ಅಂತ ಕೇಳುವುದು, ಅತ್ತೆ ತಹಸೀಲ್ದಾರರ ಮುಂದೆ ನಿಂತವಳ ಹಾಗೆ ಅನ್ನ, ತುಪ್ಪ, ಬೇಳೆ, ಸೊಪ್ಪು ಅಂತ ಒಂದೊಂದೇ ಒಪ್ಪಿಸುವುದು. ಹಾಲು ಇಳಿಯಿತು, ಕೂಸು ಕೈಗೆ ಭಾರವಾಯಿತು. ಓಣಿಯಲ್ಲಿ ನಾವು ಮೂವರೂ ತಲೆ ಎತ್ತಿಕೊಂಡು ತಿರುಗಿದೆವು, ಯಾಕೆ ತಿರುಗಬಾರದು?

ಒಂದು ದಿನ ನೆರೆಮನೆಯ ಮುದುಕಿ ಬಾಣಂತಿಯ ತಾಟು ನೋಡಿ ಹೌಹಾರಿ ಕೇಳಿದಳು: "ಏನಬೇ, ಸೊಸಿಗಿ ಇಷ್ಟ್ ತುಪ್ಪ ಸುರವಾಕತ್ತೀಯಲ್ಲ, ನಿನಗ ತಲಿ ಕೆಟ್ಟೈತೇನು?"

ಅತ್ತೆ ಇನ್ನೊಂದು ಸೌಟು ತುಪ್ಪ ಬಿಡುತ್ತಾ ಅಂದಳು: "ನನ್ನ ಸೊಸಿ ಆಗಿದ್ರ ಹಾಕ್ತಿದ್ದಿಲ್ಲವಾ. ಇಕಿ ಬೂಬುನ ಆಳು. ಮಂದಿ ಆಳು ನಮ್ಮ ಮನ್ಯಾಗ ಸೊರಗಿದ್ರ ನಮ್ಮ ಮಾನ ಉಳೀತೈತೇನು?"