ಮುಕ್ತಿ ವಾಹನಕ್ಕೆ ಪಾಲಿಶ್

ಸ್ಟಿಕ್ಕರ್ ಕಿತ್ತರೆ ಅದರ ಜೊತೆ ಅಕ್ಷರವೂ ಹೋಗುತ್ತದೆ ಎಂದು ಗಣೇಶ್ ಪ್ರಸಾದ ನಂಬಿದ್ದ. ಅವನ ಗ್ರಹಚಾರ ಕೆಟ್ಟದ್ದು ಅಲ್ಲಿಯೇ.

ಹಳೇ ಕಾರು ಕೊಂಡು, ಉಜ್ಜಿ ಹೊಳಪು ಬರಿಸಿ ಮಾರುವುದು ಅವನ ಕಸುಬು. ಚಿಕ್ಕಬಳ್ಳಾಪುರದಲ್ಲಿ ಮನೆ, ಮನೆ ಮುಂದಿನ ಜಾಗವೇ ಅಂಗಡಿ. ನಾಲ್ಕು ತಿಂಗಳ ಹಿಂದೆ ಊರಿನ ಒಂದು ಸೇವಾ ಸಮಿತಿಯವರು ತಮ್ಮ ಹಳೆಯ ಗಾಡಿಗಳನ್ನು ಒಟ್ಟಿಗೇ ಹರಾಜಿಗಿಟ್ಟಾಗ, ಮೂರು ಒಳ್ಳೇ ಕಾರು ಸಿಗುತ್ತವೆಂಬ ಆಸೆಗೆ ನಾಲ್ಕನೆಯದನ್ನೂ ಹೊಡೆದುಕೊಂಡು ಬಂದಿದ್ದ. ಆ ನಾಲ್ಕನೆಯದು ಒಂದು ಬಿಳೀ ವ್ಯಾನು. ಒಂಬತ್ತು ವರ್ಷ ಊರಿನ ಹೆಣಗಳನ್ನೆಲ್ಲ ಸ್ಮಶಾನಕ್ಕೆ ಮುಟ್ಟಿಸಿದ್ದು ಅದೇ. ಎರಡೂ ಪಕ್ಕದಲ್ಲಿ ‘ಮುಕ್ತಿ ವಾಹನ’ ಎಂದು ಮೊಳದುದ್ದದ ನೀಲಿ ಅಕ್ಷರಗಳಿದ್ದವು. ಮೂರು ಕಾರುಗಳು ಮೂರು ವಾರದಲ್ಲಿ ಮಾರಿಹೋದವು. ವ್ಯಾನು ಮಾತ್ರ ಮನೆ ಬಾಗಿಲು ಬಿಟ್ಟು ಕದಲಲಿಲ್ಲ.

ಸ್ಟಿಕ್ಕರನ್ನೇನೋ ಕಿತ್ತ. ಆದರೆ ಒಂಬತ್ತು ವರ್ಷದ ಬಿಸಿಲಿಗೆ ಗಾಡಿಯ ಬಣ್ಣವೆಲ್ಲ ಮಂಕಾಗಿ, ಸ್ಟಿಕ್ಕರಿನ ಅಡಿಯಲ್ಲಿದ್ದ ಬಣ್ಣ ಮಾತ್ರ ಶೋರೂಮಿನಿಂದ ಬಂದ ಹಾಗೇ ಉಳಿದಿತ್ತು. ಮೊದಲು ನೀಲಿಯಲ್ಲಿದ್ದ ‘ಮುಕ್ತಿ ವಾಹನ’ ಈಗ ಫಳಫಳ ಬಿಳಿಯಲ್ಲಿ ಕಾಣಿಸತೊಡಗಿತು. ಪೂರ್ತಿ ಪೈಂಟ್ ಹೊಡೆಸೋಣವೆಂದರೆ, ಹೊಸ ಪೈಂಟ್ ಕಂಡ ತಕ್ಷಣ ಗಿರಾಕಿ "ಎಲ್ಲಿ ಗುದ್ದಿದ್ರಿ?" ಅಂತಲೇ ಮಾತು ಶುರು ಮಾಡುತ್ತಾನೆ. ಹಳೇ ಗಾಡಿ ವ್ಯಾಪಾರದಲ್ಲಿ ಮಾಸಿದ ಬಣ್ಣಕ್ಕಿರುವ ಮರ್ಯಾದೆ ಹೊಸ ಬಣ್ಣಕ್ಕಿಲ್ಲ.

ಹೀಗಿರುವಾಗ ಆ ಭಾನುವಾರ ಬಂತು. ಬೆಳಿಗ್ಗೆ ಆರಕ್ಕೇ ಹೆಂಡತಿ ಶುಭಾ ಕಾಫಿ ಲೋಟ ಕುಕ್ಕಿದಳು.

"ರೀ, ಸಾಯಂಕಾಲ ಐದು ಗಂಟೆಗೆ ಶ್ರೀವಲ್ಲೀನ ನೋಡಕ್ಕೆ ಗೌರಿಬಿದನೂರಿಂದ ಗಂಡಿನ ಕಡೆಯೋರು ಬರ್ತಿದ್ದಾರೆ. ಅಷ್ಟರೊಳಗೆ ಆ ಪಿಶಾಚಿ ಬಾಗಿಲಲ್ಲಿ ಇರಕೂಡದು. ಹೋದ ಸಲ ಬಂದಿದ್ದೋರು ಏನು ಮಾಡಿದ್ರು, ನೆನಪಿದೆ ತಾನೆ?"

ನೆನಪಿಲ್ಲದೇ ಏನು? ಹೋದ ಸಲದವರು ಗೇಟಿನವರೆಗೂ ಬಂದು, ವ್ಯಾನು ನೋಡಿ, "ಹೋದೋರು ಯಾರು?" ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿ, ಇನ್ನೊಂದು ಸಲ ಬರ್ತೀವಿ ಅಂತ ಹೋದವರು ಹೋಗೇಬಿಟ್ಟಿದ್ದರು. ಶ್ರೀವಲ್ಲಿ ಗಣೇಶ್ ಪ್ರಸಾದನ ಒಬ್ಬಳೇ ತಂಗಿ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಅವಳು ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಈ ಸಂಬಂಧವೂ ತನ್ನಿಂದಲೇ ತಪ್ಪಿದರೆ ಅವಳ ಮುಖ ಹೇಗೆ ನೋಡುವುದೆಂದು ರಾತ್ರಿಯೆಲ್ಲ ಹೊರಳಾಡಿದ್ದ.

ಬೇರೆ ಬೀದಿಯಲ್ಲಿ ನಿಲ್ಲಿಸೋಣವೆಂದು ಗಾಡಿ ತೆಗೆದ. ಮೂಲೆಯ ಮುನಿಶಾಮಿ ಮನೆ ಹತ್ತಿರ ನಿಲ್ಲಿಸಿ ಐದು ನಿಮಿಷವಾಗಿಲ್ಲ, ಟವೆಲ್ ಹೆಗಲಿಗೆ ಹಾಕಿಕೊಂಡು ಹತ್ತು ಜನ ಸೇರಿದರು. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಎಂಬತ್ತರ ಮುನಿಶಾಮಿ, "ನಾನಿನ್ನೂ ಇದೀನಿ ಕಣ್ರೋ, ಹೋಗ್ರೋ!" ಎಂದು ದೊಣ್ಣೆ ತೆಗೆದುಕೊಂಡ. ಗಣೇಶ್ ಪ್ರಸಾದ ಗಾಡಿ ತಿರುಗಿಸಿ ವಾಪಸ್ ತಂದ.

ಎದುರುಮನೆಯ ಚಿಕ್ಕವೆಂಕಟಮ್ಮ ಬಾಗಿಲಿಗೆ ನೀರು ಹಾಕುತ್ತಾ ಕಾದಿದ್ದಳು. "ಏನ್ ಗಣೇಶಪ್ಪ, ಇನ್ನೂ ಇದ್ರ ಮಕಾನೇ ನೋಡ್ಕೊಂಡು ಏಳ್ಬೇಕಾ ನಾವು? ನಂಗೆ ಎಂಬತ್ತೆರಡಾಯ್ತು. ಬಾಗ್ಲು ತೆಗುದ್ರೆ ಕರಿಯಕ್ಕೇ ಬಂದಂಗೈತೆ."

"ಇವತ್ತು ಹೋಗುತ್ತಜ್ಜಿ. ಗಿರಾಕಿ ಬರ್ತಾ ಇದ್ದಾರೆ," ಅಂದ. ಅದು ನಿಜವೇ. ಫೋನಿನಲ್ಲಿ ಹಾಕಿದ್ದ ಫೋಟೋ ನೋಡಿ ಗೌರಿಬಿದನೂರಿನ ಕೊಂಡಪ್ಪ ಎನ್ನುವವನು ಹನ್ನೊಂದಕ್ಕೆ ಬರುತ್ತೇನೆಂದು ಹೇಳಿದ್ದ.

ಏಳು ಗಂಟೆಗೆ ಅಬ್ದುಲ್ ರಹೀಮ್ ತನ್ನ ಪಾಲಿಶ್ ಮೆಷಿನ್ ಸಮೇತ ಬಂದ. ಮೂವತ್ತು ವರ್ಷದಿಂದ ಗಾಡಿ ಉಜ್ಜಿದ ಕೈ. ವ್ಯಾನಿನ ಮೈಮೇಲೆ ಅಂಗೈ ಆಡಿಸಿ ತಲೆಯಾಡಿಸಿದ.

"ಸಾಬ್, ಬಣ್ಣ ತಿಕ್ಕಬೋದು. ಒಂಬತ್ತು ವರ್ಷದ ಬಿಸಿಲನ್ನ ಎಲ್ಲಿಂದ ತಿಕ್ಲಿ?"

"ಹೇಗಾದ್ರೂ ಮಾಡು ರಹೀಮ್ ಭಾಯಿ. ನನ್ನ ತಂಗಿ ಮದುವೆ ವಿಷಯ."

ತಂಗಿ ಅಂದ ಮೇಲೆ ರಹೀಮ್ ತೋಳು ಮಡಿಸಿದ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿದ, ಪಾಲಿಶ್ ಪೇಸ್ಟ್ ಬಳಿದ, ಮೆಷಿನ್ ತಿರುಗಿಸಿದ. ಮಂಕಾದ ಕಡೆ ಗಟ್ಟಿಯಾಗಿ, ಅಕ್ಷರದ ಮೇಲೆ ಹಗುರವಾಗಿ. ಮೊದಲು ‘ಮು’ ಹೋಯಿತು, ಆಮೇಲೆ ‘ಕ್ತಿ’. ‘ವಾಹನ’ ಹೋಗುವ ಹೊತ್ತಿಗೆ ಹತ್ತೂವರೆ. ಕೊನೆಗೆ ಮೇಣ ಹಚ್ಚಿ ಬಟ್ಟೆಯಿಂದ ಒರೆಸಿದಾಗ ವ್ಯಾನು ಹಾಲಿನ ಪಾತ್ರೆಯ ಹಾಗೆ ಹೊಳೆಯಿತು. ಗಣೇಶ್ ಪ್ರಸಾದ ನೇರ ನಿಂತು ನೋಡಿದ. ಒಂದಕ್ಷರ ಇಲ್ಲ!

"ಪಕ್ಕದಿಂದ ನೋಡಿದ್ರೆ?" ಅಂದ.

"ಪಕ್ಕದಿಂದ ಯಾರೂ ನೋಡ್ಬಾರ್ದು ಸಾಬ್," ಅಂದ ರಹೀಮ್, ಮೆಷಿನಿನ ವೈರು ಸುತ್ತುತ್ತಾ.

ಕೊಂಡಪ್ಪ ಬಂದ. ದುಂಡು ಮೈ, ದೊಡ್ಡ ನಗು, ಬಾಡಿಗೆ ಗಾಡಿ ಓಡಿಸುವವನು. ತನ್ನ ಹಳೇ ವ್ಯಾನಿನ ಇಂಜಿನ್ ಹಿಂದಿನ ದಿನ ಕೈಕೊಟ್ಟಿದ್ದರಿಂದ ಇವತ್ತೇ ಗಾಡಿ ಬೇಕಾಗಿತ್ತು. ಬಾಗಿಲು ತೆಗೆದು ಮೂಗೆಳೆದ. ಒಳಗೆ ಊದುಬತ್ತಿಯ ವಾಸನೆ ಇನ್ನೂ ಇತ್ತು.

"ಘಮಘಮ ಅಂತೈತೆ. ಮೊದ್ಲು ಯಾರ್ದು ಸಾರ್ ಇದು?"

"ಧಾರ್ಮಿಕ ಸಮಿತಿಯವರದು. ಹೆಚ್ಚಾಗಿ ವಯಸ್ಸಾದೋರನ್ನ ಕರ್ಕೊಂಡು ಹೋಗ್ತಿದ್ರು."

"ಯಾತ್ರೆಗಾ?"

"ಹೂಂ... ಯಾತ್ರೇನೇ ಅನ್ನಿ. ನಿಧಾನಕ್ಕೆ ಓಡಿಸ್ತಿದ್ರು, ದಿನಾ ಒಂದೇ ರೂಟು. ಒಳಗಿದ್ದೋರು ಒಬ್ರೂ ಒಂದಿನಾನೂ ಕಂಪ್ಲೇಂಟ್ ಹೇಳಿಲ್ಲ."

"ಸೀಟು ಹೊಸದಿದ್ದಂಗೈತೆ?"

"ಅದರ ಮೇಲೆ ಇದುವರೆಗೂ ಯಾರೂ ಕೂತೇ ಇಲ್ಲ," ಅಂದ ಗಣೇಶ್ ಪ್ರಸಾದ. ಹೋದ ವಾರವಷ್ಟೇ ಹಾಕಿಸಿದ ಸೀಟು. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲವಲ್ಲ ಎಂದು ಅವನಿಗೇ ತನ್ನ ಮೇಲೆ ಸ್ವಲ್ಪ ಗೌರವ ಬಂತು.

ಒಂದು ರೌಂಡ್ ಹೋಗಿ ಬರೋಣ ಎಂದ ಕೊಂಡಪ್ಪ. ಇಲ್ಲಪ್ಪ ಅನ್ನೋದು ಹೇಗೆ? ಹೊರಟರು. ಗಣೇಶ್ ಪ್ರಸಾದ ಅಕ್ಷರ ಅಳಿಸಿದ್ದನೇ ಹೊರತು ಊರಿಗೆ ಅಕ್ಷರದ ಅಗತ್ಯವೇ ಇರಲಿಲ್ಲ. ಒಂಬತ್ತು ವರ್ಷ ನೋಡಿದ ಗಾಡಿ. ಬೀದಿ ತಿರುವಿನಲ್ಲೇ ಇಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡು ಕೈಮುಗಿದರು. ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಮುದುಕ ಚಪ್ಪಲಿ ಬಿಟ್ಟು ನಿಂತ. ಸರ್ಕಲ್ಲಿನಲ್ಲಿ ಪೊಲೀಸಪ್ಪ ಮೂರು ಕಡೆಯ ಗಾಡಿ ನಿಲ್ಲಿಸಿ, ಟೋಪಿ ತೆಗೆದು ದಾರಿ ಬಿಟ್ಟ. ಹೂವಿನವಳೊಬ್ಬಳು ಓಡಿಬಂದು ಬಾನೆಟ್ಟಿನ ಮೇಲೆ ಒಂದು ಹಿಡಿ ಸೇವಂತಿಗೆ ಹಾಕಿದಳು.

"ಅಬ್ಬಬ್ಬಾ, ಏಮಿ ಮರ್ಯಾದ ಸಾರ್ ನಿಮ್ಗೆ ಈ ಊರಾಗೆ!" ಕೊಂಡಪ್ಪನ ಕಣ್ಣು ಅರಳಿತು.

"ಏನೋ, ಜನರ ಪ್ರೀತಿ," ಅಂದ ಗಣೇಶ್ ಪ್ರಸಾದ, ಬೆವರು ಒರೆಸಿಕೊಳ್ಳುತ್ತಾ.

ಅಷ್ಟರಲ್ಲಿ ಸ್ಕೂಟರಿನವನೊಬ್ಬ ಕಿಟಕಿಯ ಪಕ್ಕಕ್ಕೇ ಬಂದು ಮೆಲ್ಲಗೆ, "ಯಾರು ಸಾರ್?" ಅಂದ.

"ಇವರಾ? ಗೌರಿಬಿದನೂರು ಕೊಂಡಪ್ಪನವರು."

"ಛೆ, ಛೆ. ಏನು ವಯಸ್ಸು?"

"ನಲವತ್ತೆಂಟು," ಎಂದು ಕೊಂಡಪ್ಪನೇ ಬಗ್ಗಿ ಹೇಳಿದ.

"ಚಿಕ್ಕ ವಯಸ್ಸು, ಪಾಪ. ಮನೆಯವರಿಗೆ ಧೈರ್ಯ ಹೇಳಿ," ಎಂದು ಸ್ಕೂಟರಿನವನು ಹೋದ.

"ಪಾಪ ಯಾಕಂದ್ರು ಸಾರ್?"

"ಹೊಟ್ಟೆಕಿಚ್ಚು ಕಣ್ರೀ. ಈ ವಯಸ್ಸಿಗೇ ಇಂಥಾ ಗಾಡಿ ತಗೊಂಡ್ಬಿಟ್ರಲ್ಲ ಅಂತ."

ಕೊಂಡಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಚೌಕಾಸಿಯೂ ಮಾಡದೆ ದುಡ್ಡು ಕೊಟ್ಟು, ಮಿಕ್ಕ ಕಾಗದಪತ್ರ ನಾಳೆ ಎಂದು ಒಂದು ಗಂಟೆಗೆ ಗಾಡಿ ಹತ್ತಿದ. ವ್ಯಾನು ಬೀದಿ ದಾಟಿದ ಮೇಲೂ ಗಣೇಶ್ ಪ್ರಸಾದ ಅಲ್ಲೇ ನಿಂತಿದ್ದ. ನಾಲ್ಕು ತಿಂಗಳ ಮೇಲೆ ಮನೆ ಮುಂದಿನ ನೆಲ ಕಂಡಿತ್ತು. ಶುಭಾ ಅಲ್ಲಿ ದೊಡ್ಡದಾಗಿ ರಂಗೋಲಿ ಬಿಟ್ಟಳು. ಒಳಗೆ ಕೇಸರಿಬಾತಿಗೆ ರವೆ ಹುರಿಯುವ ವಾಸನೆ ಬರುತ್ತಿತ್ತು. ಅವನು ಆರಾಮವಾಗಿ ಒಂದು ಗಂಟೆ ನಿದ್ದೆ ಹೊಡೆದ.

ಐದು ಗಂಟೆಗೆ ಬಿಳೀ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತ. ಅಪ್ಪ, ರಿಟೈರ್ಡ್ ಮೇಷ್ಟ್ರು ಸತ್ಯಮೂರ್ತಿಗಳು, ಜಗಲಿಯ ಆರಾಮಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಐದೂ ಹತ್ತಕ್ಕೆ ಬೀದಿಯ ತುದಿಯಲ್ಲಿ ಒಂದು ಗಾಡಿ ತಿರುಗಿತು. ಬಿಳೀ ವ್ಯಾನು. ಹಾಲಿನ ಪಾತ್ರೆಯ ಹಾಗೆ ಹೊಳೆಯುತ್ತಾ ಸೀದಾ ಬಂದು, ರಂಗೋಲಿಯ ಮೇಲೆ ನಿಂತಿತು.

ಡ್ರೈವರ್ ಸೀಟಿನಿಂದ ಕೊಂಡಪ್ಪ ಇಳಿದ.

"ಅಯ್ಯೋ, ನಿಮ್ಮನೇನಾ ಸಾರ್! ಮೂರು ಗಂಟೆಗೆ ಬಾಡಿಗೆ ಐತೆ ಅಂತ ನಾನು ಓಡೋಡಿ ಹೋಗಿದ್ದು ಇವ್ರಿಗೇನೇ. ಅಡ್ರೆಸ್ಸು ದಾರೀಲಿ ಹೇಳಿದ್ರು."

ಹಿಂದಿನಿಂದ ರೇಷ್ಮೆ ಸೀರೆ, ಜರಿ ಪಂಚೆಗಳು ಒಂದೊಂದಾಗಿ ಇಳಿದವು. ಹುಡುಗನ ತಂದೆ ಮುರಳಿಮೋಹನ್, ತಾಯಿ, ಅಜ್ಜಿ ಕನಕಲಕ್ಷ್ಮಮ್ಮ, ಒಬ್ಬ ಚಿಕ್ಕಪ್ಪ, ಇಬ್ಬರು ಅತ್ತೆಯರು. ಕೊನೆಗೆ ಹುಡುಗ ರಘುನಂದನ್. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡಿ ಪಾಸು ಮಾಡುವ ಕೆಲಸ ಅವನದು.

"ನಿಮ್ಮೂರಿನ ಜನ ಎಂಥಾ ಸಂಸ್ಕಾರವಂತರು!" ಅಂದರು ಮುರಳಿಮೋಹನ್. "ದಾರಿಯುದ್ದಕ್ಕೂ ಕೈ ಮುಗೀತಾರಲ್ರೀ!"

ಗಣೇಶ್ ಪ್ರಸಾದ ಬನ್ನಿ ಅನ್ನುವುದರೊಳಗೆ ಎದುರುಮನೆಯ ಬಾಗಿಲು ತೆರೆಯಿತು. ಚಿಕ್ಕವೆಂಕಟಮ್ಮ ಹೊಳೆಯುವ ವ್ಯಾನನ್ನು ನೋಡಿದಳು, ಬಾಗಿಲಲ್ಲಿ ನಿಂತ ನೆಂಟರನ್ನು ನೋಡಿದಳು, ಜಗಲಿಯ ಮೇಲೆ ಬಾಯಿ ಬಿಟ್ಟುಕೊಂಡು ಒರಗಿದ್ದ ಸತ್ಯಮೂರ್ತಿಗಳನ್ನು ನೋಡಿದಳು. ಇನ್ನೇನು ಬೇಕು?

"ಅಯ್ಯಯ್ಯೋ ಮೇಷ್ಟ್ರೇ! ಬೆಳಿಗ್ಗೆ ಚೆನ್ನಾಗಿ ಕಾಫಿ ಕುಡೀತಿದ್ರಲ್ಲಪ್ಪೋ!" ಎಂದು ಎದೆ ಬಡಿದುಕೊಂಡು ಬಂದಳು. ಆ ಕೂಗಿಗೆ ಬೀದಿಗೆ ಬೀದಿಯೇ ಹೊರಗೆ ಬಂತು. ಯಾರೋ ಹಾರಕ್ಕೆ ಓಡಿದರು. ಯಾರೋ ಫೋನ್ ತೆಗೆದು ಸುದ್ದಿ ಹಾಕಿಯೇಬಿಟ್ಟರು.

ಗಲಾಟೆಗೆ ಸತ್ಯಮೂರ್ತಿಗಳು ಕಣ್ಣು ಬಿಟ್ಟರು. ಕೈಮುಗಿದು ನಿಂತ ಜನ, ಅದರ ಹಿಂದೆ ವ್ಯಾನು. ಕನ್ನಡಕ ಸರಿಮಾಡಿಕೊಂಡು, "ಯಾರೋ ಗಣೇಶ ಹೋಗಿದ್ದು?" ಅಂದರು.

"ನೀವೇ ಮೇಷ್ಟ್ರೇ!" ಅಂದಳು ಚಿಕ್ಕವೆಂಕಟಮ್ಮ, ಕಣ್ಣೀರು ಒರೆಸಿಕೊಳ್ಳುತ್ತಾ.

ಈ ಗದ್ದಲದಲ್ಲಿ ರಘುನಂದನ್ ಒಬ್ಬನೇ ವ್ಯಾನಿನ ಪಕ್ಕ ನಿಂತು, ದಿನಾ ಫ್ಯಾಕ್ಟರಿಯಲ್ಲಿ ನೋಡುವ ಹಾಗೆ ತಲೆ ಓರೆ ಮಾಡಿ ಅದರ ಮೈ ನೋಡುತ್ತಿದ್ದ. ಸಂಜೆಯ ಓರೆ ಬಿಸಿಲು ಬಿದ್ದಿತ್ತು. "ಮು... ಕ್ತಿ... ವಾ..." ಎಂದು ಓದಿ ನಿಲ್ಲಿಸಿದ. "ಅಜ್ಜಿ, ನಾವು ಬಂದಿದ್ದು ಹೆಣದ ಗಾಡೀಲಿ!"

ಆಮೇಲಿನ ಎರಡು ನಿಮಿಷ ಯಾರು ಯಾರಿಗೆ ಏನೆಂದರೋ ಹೇಳುವುದು ಕಷ್ಟ. ಕೊಂಡಪ್ಪ "ನನ್ನ ಕೊಂಪೆ ಮುಳುಗ್ತಲ್ಲಪ್ಪೋ" ಎಂದು ತಲೆ ಹಿಡಿದು ಕೂತ. ಅಜ್ಜಿ ಕನಕಲಕ್ಷ್ಮಮ್ಮ ಮಾತ್ರ ಕೈ ಎತ್ತಿ ಎಲ್ಲರನ್ನೂ ತಡೆದರು.

"ಯಾರೂ ಹೊಸಲು ದಾಟಬೇಡಿ! ಮೈಲಿಗೆಯಾಗಿದೆ. ತಲೆ ಮೇಲೆ ನೀರು ಹಾಕ್ಕೊಳ್ಳದೆ ಮದುವೆ ಮಾತು ಎತ್ತೋ ಹಾಗಿಲ್ಲ. ಬಚ್ಚಲುಮನೆ ಎಲ್ಲಿದೆಯಪ್ಪಾ?"

ಹಿತ್ತಿಲ ಕಡೆಯ ಬಚ್ಚಲಲ್ಲಿ ಏಳು ಜನರ ಸ್ನಾನ ಶುರುವಾಯಿತು. ಶುಭಾ ಹಂಡೆ ಹಂಡೆ ನೀರು ಕಾಯಿಸಿದಳು. ಮೂರನೆಯವರಿಗೆ ಸೋಪು ಮುಗಿಯಿತು, ಐದನೆಯವರಿಗೆ ತೊಟ್ಟಿ ಬರಿದಾಯಿತು, ಕಡೆಯ ಇಬ್ಬರಿಗೆ ಚಿಕ್ಕವೆಂಕಟಮ್ಮನ ಮನೆಯಿಂದ ಕೊಡದಲ್ಲಿ ನೀರು ಬಂತು. ಗಂಡಸರಿಗೆ ಗಣೇಶ್ ಪ್ರಸಾದನ ಲುಂಗಿ, ಹೆಂಗಸರಿಗೆ ಶುಭಾಳ ದಿನಬಳಕೆ ಸೀರೆ. ಗಣೇಶ್ ಪ್ರಸಾದ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು, ಸಂಬಂಧ ಹೋಯಿತು, ಪೂರ್ತಿ ಹೋಯಿತು ಅಂದುಕೊಳ್ಳುತ್ತಿದ್ದ.

ಶ್ರೀವಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ಹೊರಗೆ ಬಂದಾಗ, ಎದುರಿಗೆ ರಘುನಂದನ್ ತೊಟ್ಟಿಕ್ಕುವ ತಲೆಯಲ್ಲಿ, ಸತ್ಯಮೂರ್ತಿಗಳ ತೂತು ಬನಿಯನ್ ಹಾಕಿಕೊಂಡು ಕುಳಿತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅದನ್ನು ನೋಡಿ ಅಜ್ಜಿಯೂ ಬಾಯಿಗೆ ಸೆರಗು ಹಿಡಿದರು. ಏಳೂವರೆ ಹೊತ್ತಿಗೆ ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ, ತಾಂಬೂಲವೂ ಆಗಿಹೋಯಿತು.

ಗಣೇಶ್ ಪ್ರಸಾದನ ಕಣ್ಣಲ್ಲಿ ನೀರು ಬಂತು. ಕೊಂಡಪ್ಪ ಕೀಲಿಕೈ ಎಸೆದು ದುಡ್ಡು ವಾಪಸ್ ಕೇಳಿದಾಗ ಪೂರ್ತಿ ಎಣಿಸಿ ಕೊಟ್ಟ. ನಾಳೆ ಬೆಳಿಗ್ಗೆಯೇ ಚಿಂತಾಮಣಿಗೆ ಹೊಡೆದುಕೊಂಡು ಹೋಗಿ, ಬಂದ ಬೆಲೆಗೆ ತಳ್ಳಿಬಿಡುತ್ತೇನೆ ಎಂದು ಶುಭಾಗೆ ಕಣ್ಣಲ್ಲೇ ಹೇಳಿದ.

ಕಡೆಯ ಬಸ್ಸಿಗೆ ಹೊರಟು ನಿಂತ ಅಜ್ಜಿ ಅವನನ್ನು ಹತ್ತಿರ ಕರೆದರು.

"ನೋಡಪ್ಪಾ, ಒಂದೇ ಒಂದು ಮಾತು. ಆ ಗಾಡೀನ ಯಾರಿಗೂ ಮಾರಬೇಡ."

"ಅಜ್ಜಿ?"

"ನೀನು ಯಾವನಿಗೋ ಮಾರ್ತೀಯ, ಅವನು ಉಜ್ಜಿ ಬಾಡಿಗೆಗೆ ಬಿಡ್ತಾನೆ, ನಮ್ಮ ನೆಂಟರೇ ಯಾರೋ ಅದರಲ್ಲಿ ಕೂತು ಮದುವೆ ಛತ್ರಕ್ಕೆ ಬಂದು ಇಳೀತಾರೆ. ಆಗ ಎಷ್ಟು ಜನಕ್ಕೆ ಸ್ನಾನ ಮಾಡಿಸ್ತೀಯ? ಮಾಂಗಲ್ಯಧಾರಣೆ ಆಗೋವರೆಗೂ ಅದು ನಿನ್ನ ಬಾಗಿಲಲ್ಲೇ, ನಿನ್ನ ಕಣ್ಣೆದುರಿಗೇ ಇರ್ಬೇಕು. ತಂಗಿ ಮೇಲೆ ಆಣೆ."

"ಆಗಲಿ ಅಜ್ಜಿ," ಅಂದ. ಬೇರೇನು ಅಂದಾನು? "ಮದುವೆ... ಈ ವೈಶಾಖದಲ್ಲೇ ತಾನೇ?"

"ಎಲ್ಲಿಯ ವೈಶಾಖ! ಹುಡುಗನಿಗೆ ಗುರುಬಲ ಬರೋದೇ ಮಾಘಕ್ಕೆ. ಇನ್ನು ಹತ್ತು ತಿಂಗಳು."

ಶುಭಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಸದ್ದು ಬೀದಿಗೆಲ್ಲ ಕೇಳಿಸಿತು. ಗಣೇಶ್ ಪ್ರಸಾದ ವ್ಯಾನಿನ ಪಕ್ಕದಲ್ಲಿ, ಅಳಿಸಿಹೋದ ರಂಗೋಲಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಖಾಲಿ ಕೊಡ ತೆಗೆದುಕೊಂಡು ಹೋಗಲು ಬಂದ ಚಿಕ್ಕವೆಂಕಟಮ್ಮ ಅವನ ಮುಖ ನೋಡಿ ನಿಂತಳು. ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಇರ್ಲಿ ಬಿಡು ಗಣೇಶಪ್ಪ, ಇಲ್ಲೇ ನಿಂತಿರ್ಲಿ. ನಂಗೂ ವಯಸ್ಸಾಯ್ತು, ಹತ್ತು ತಿಂಗ್ಳಲ್ಲಿ ಏನಾಗುತ್ತೋ ಯಾರ್ ಕಂಡೋರು." ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮೂಲೆ ಮನೆ ಮುನಿಶಾಮಿ ಕೇಳುದ್ರೆ ಮಾತ್ರ ಒಪ್ಕೋಬೇಡ. ನಾನು ಮೊದ್ಲು ಹೇಳಿದೀನಿ. ಅವ್ನು ನನಗಿಂತ ಎರಡು ವರ್ಷ ಚಿಕ್ಕೋನು."