ವರ್ಷಕ್ಕೊಮ್ಮೆ ಹಡಗು ದೋಚುವ ನನ್ನ ಭಾವ

ನಾನು ಶಾಲೆ ಬಿಟ್ಟದ್ದು ೧೯೮೯ರಲ್ಲಿ. ಏಳನೇ ತರಗತಿ, ಇತಿಹಾಸದ ಪಾಠ ಅರ್ಧ ಆಗಿತ್ತು. ಪುಸ್ತಕದಲ್ಲಿ ಪೋರ್ಚುಗೀಸರು ಹಡಗಿನಿಂದ ಇಳಿಯುತ್ತಿದ್ದರು, ನಾನು ಬೆಂಚಿನಿಂದ ಇಳಿದೆ. ಅವರು ಆಮೇಲೆ ಏನು ಮಾಡಿದರು ಎಂದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ ಬಿಡಿ. ಹೊನ್ನಾವರದ ಅಳಿವೆಯ ಪಕ್ಕದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವರಿಗೆ ಪಾನಾ ಎತ್ತಿಕೊಡುವ ಕೆಲಸಕ್ಕೆ ಸೇರಿದವನು, ಇಂದು ಅದೇ ಅಳಿವೆಯ ಪಕ್ಕ ಸ್ವಂತ ಶೆಡ್ ಹಾಕಿಕೊಂಡಿದ್ದೇನೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಉಗುರಿನ ಸಂದಿಯ ಆಯಿಲ್ ಮಾತ್ರ ಮದುವೆಯ ದಿನವೂ ಹೋಗಿರಲಿಲ್ಲ.

ಪೋರ್ಚುಗೀಸರು ಆಮೇಲೆ ಏನು ಮಾಡಿದರು ಎಂದು ಹೇಳಲೆಂದೇ ದೇವರು ನನಗೊಬ್ಬ ಭಾವನನ್ನು ಕೊಟ್ಟ. ನನ್ನ ಹೆಂಡತಿಯ ಅಣ್ಣ. ಆತ ಕಡಲುಗಳ್ಳ.

ಗಾಬರಿಯಾಗಬೇಡಿ! ಆತ ದೋಚುವುದು ವರ್ಷಕ್ಕೆ ಒಂದೇ ಹಡಗು, ಅದೂ ಹಡಗಿನವರನ್ನು ಮೊದಲೇ ಫೋನಿನಲ್ಲಿ ಕೇಳಿಕೊಂಡು. ಉಳಿದ ದಿನಗಳಲ್ಲಿ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತ. ಮೀನಿಗೆ ಹಾಕುವ ಮಂಜುಗಡ್ಡೆಯ ನಡುವೆ ಕೂತು ಕೂತು ಅವನ ಕೈ ಸದಾ ತಣ್ಣಗೆ. ಮೊದಲ ಸಲ ಕೈಕುಲುಕಿದಾಗ, ದೇವರಾಣೆ, ನಾನು ಅವನ ಮುಖ ನೋಡಿ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡೆ. ಹೆಣ್ಣು ನೋಡಲು ಹೋದವನ ಹತ್ತಿರ ಆತ ಕೇಳಿದ ಮೊದಲ ಪ್ರಶ್ನೆ ನೆಲದ್ದೂ ಅಲ್ಲ, ಮನೆಯದ್ದೂ ಅಲ್ಲ.

"ಭಾವ, ಹಿಂದಿನ ಕಾಲದಲ್ಲಿ ನಮ್ಮ ಅಳಿವೆಯಲ್ಲಿ ಕಡಲುಗಳ್ಳರ ದೋಣಿ ಎಲ್ಲಿ ಅಡಗ್ತಿತ್ತು, ಗೊತ್ತುಂಟಾ?"

"ಗೊತ್ತಿಲ್ಲ."

"ನೀನು ಈಗ ಶೆಡ್ ಹಾಕಿದ್ಯಲ, ಅಲ್ಲೇ!"

ಅಂದಿನಿಂದ ಸಂಜೆ ಶೆಡ್ಡಿನಲ್ಲಿ ಒಬ್ಬನೇ ಇದ್ದಾಗ ಹಿಂದೆ ಯಾರೋ ನಿಂತಂತೆ ಆಗುತ್ತದೆ. ಇಂಥ ಉಡುಗೊರೆ ಕೊಟ್ಟ ಭಾವ ನಿಮಗೆ ಯಾರಿಗಾದರೂ ಇದ್ದಾನೆಯೇ?

ಕಡಲುಗಳ್ಳ ಎಂದರೆ ಒಂದು ಕಣ್ಣಿಗೆ ಕರಿಪಟ್ಟಿ, ಹೆಗಲ ಮೇಲೆ ಗಿಳಿ ಎಂದುಕೊಂಡಿದ್ದರೆ ಭಾವನ ಎದುರು ಹೇಳಬೇಡಿ. "ಅದೆಲ್ಲ ಸಿನಿಮಾ! ನಮ್ಮವರು ಕಚ್ಚೆ ಹಾಕಿ ಮುಂಡಾಸು ಸುತ್ತಿದವರು. ಗಿಳಿಗೆ ಕಾಳು ಹಾಕ್ತಾ ಕೂರುಕೆ ಪುರಸೊತ್ತು ಯಾರಿಗಿತ್ತು?" ಎಂದು ಸಿಟ್ಟಾಗುತ್ತಾನೆ. ಮನೆಯ ತುಂಬ ಹಳೇ ಪುಸ್ತಕ, ನಕ್ಷೆ, ಮರದ ಕತ್ತಿ. ಅಟ್ಟದ ಮೇಲೆ ಹನ್ನೆರಡು ಮುಂಡಾಸುಗಳನ್ನು ಮಡಕೆಗಳಿಗೆ ಸುತ್ತಿ ಸಾಲಾಗಿ ಇಟ್ಟಿದ್ದಾನೆ. ತವರಿನ ಉಪ್ಪಿನಕಾಯಿ ಭರಣಿ ತರಲು ಹತ್ತಿದ ನನ್ನ ಹೆಂಡತಿ, ಮಬ್ಬಿನಲ್ಲಿ ಹನ್ನೆರಡು ತಲೆಗಳು ತನ್ನನ್ನೇ ನೋಡುವುದನ್ನು ಕಂಡು ಭರಣಿಯನ್ನು ಅಲ್ಲೇ ಬಿಟ್ಟು ಇಳಿದಳು. ಆ ವರ್ಷ ನಾವು ಉಪ್ಪಿನಕಾಯಿ ತಿನ್ನಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಈ ಹುಚ್ಚಿನ ಕೆಳಗೆ ಒಂದು ಬೇರಿದೆ.

ಭಾವನಿಗೆ ಎಂಟು ವರ್ಷ, ನನ್ನ ಹೆಂಡತಿ ಇನ್ನೂ ತೊಟ್ಟಿಲ ಕೂಸು. ಮಾರ್ಗಶಿರದ ಅಮಾವಾಸ್ಯೆಯ ದಿನ ನನ್ನ ಮಾವ ದೋಣಿ ತೆಗೆದುಕೊಂಡು ಕಡಲಿಗೆ ಹೋದವರು ತಿರುಗಿ ಬರಲಿಲ್ಲ. ಹಲಗೆ ಸಿಗಲಿಲ್ಲ, ಬಲೆ ಸಿಗಲಿಲ್ಲ, ದೇಹವೂ ಸಿಗಲಿಲ್ಲ. "ಅಪ್ಪ ಎಲ್ಲಿ?" ಎಂದು ಹಟ ಹಿಡಿದು ಊಟ ಬಿಟ್ಟ ಮಗನಿಗೆ ಅತ್ತೆ, ಅಂದರೆ ಅವನ ಆಯಿ, ಒಂದು ಕತೆ ಕಟ್ಟಿ ಹೇಳಿದರಂತೆ: "ಕಡಲುಗಳ್ಳರು ಹಿಡ್ಕಂಡು ಹೋಗಿದ್ರು ತಮಾ. ಒಂದಿನ ಬಿಡ್ತ್ರು." ಮಗ ಉಂಡ. ಉಂಡವನು ಮರುದಿನದಿಂದ ಕಡಲುಗಳ್ಳರು ಯಾರು, ಎಲ್ಲಿರುತ್ತಾರೆ, ಹಿಡಿದವರನ್ನು ಎಂತ ಮಾಡುತ್ತಾರೆ ಎಂದು ಓದಲು ಹೊರಟ. ಇನ್ನೂ ಓದುತ್ತಲೇ ಇದ್ದಾನೆ.

ನಮ್ಮಲ್ಲಿ ಕಡಲು ನುಂಗಿದವರಿಗೆ ಹುಲ್ಲಿನ ಬೊಂಬೆ ಮಾಡಿ, ಸುಟ್ಟು, ಕರ್ಮ ಮುಗಿಸುವ ಪದ್ಧತಿಯಿದೆ. ಹಾಗೆ ಮಾಡದಿದ್ದರೆ ಹೋದವರು ಅಮಾವಾಸ್ಯೆಯ ಮುಸ್ಸಂಜೆ ಕಡಲಿನಿಂದ ಕೂಗುತ್ತಾರೆ ಎನ್ನುತ್ತಾರೆ. ಅದಕ್ಕೇ ಕತ್ತಲಾಗುವಾಗ ಕಡಲ ಕಡೆಯಿಂದ "ಹೋ" ಎಂದು ಕೇಳಿದರೆ ನಾವು ತಕ್ಷಣ ಓಗೊಡುವುದಿಲ್ಲ. ಹೋದವರದು ಎರಡೇ ಕೂಗಂತೆ, ಮೂರು ಸಲ ಕೂಗಿದರೆ ಮಾತ್ರ ಅದು ನಮ್ಮವರು. ನನ್ನ ಹೆಂಡತಿಯ ಹಟ ಒಂದೇ: ಮುಖವೇ ನೆನಪಿಲ್ಲದ ಅಪ್ಪನಿಗೆ ಒಂದು ಕರ್ಮವಾದರೂ ಆಗಲಿ, ಅವರಿಗೆ ನೆಲೆ ಸಿಗಲಿ. ಅಣ್ಣನ ಉತ್ತರವೂ ಒಂದೇ: "ಸೆರೆಸಿಕ್ಕವರಿಗೆ ಯಾರಾದ್ರೂ ಶ್ರಾದ್ಧ ಮಾಡ್ತಾರಾ?" ಹೀಗಾಗಿ ಎಪ್ಪತ್ತು ದಾಟಿದ ಅತ್ತೆಯ ಹಣೆಯಲ್ಲಿ ಇವತ್ತಿಗೂ ಕಾಸಗಲದ ಕುಂಕುಮ, ಕೈಯಲ್ಲಿ ಹಸಿರು ಬಳೆ. ಸಂಜೆ ಕಡಲಿಗೆ ಮುಖ ಮಾಡಿ ಒಂದು ದೀಪ. ರಾತ್ರಿ ಊಟಕ್ಕೆ ಒಂದು ಬಟ್ಟಲು ಹೆಚ್ಚು.

ಭಾವನ ದಾಳಿಯೂ ಅದೇ ಅಮಾವಾಸ್ಯೆಗೆ.

ಮೊದಲ ವರ್ಷದ ದಾಳಿಯನ್ನು ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ. ದೋಣಿ ನನ್ನದು, ಎಂಜಿನ್ ನನ್ನದು, ಹುಚ್ಚು ಅವನದು. ಬಿದಿರು ಕೋಲಿಗೆ ಕಪ್ಪು ಬಾವುಟ ಕಟ್ಟಿ, ಚಂಡೆ ಬಾರಿಸುತ್ತ ಅಳಿವೆಯ ಆಚೆ ದಡದ ಕಾಸರಕೋಡಿನ ಕಡಲಿಗೆ ಇಳಿದೆವು. ಭಾವ ದೋಣಿಯ ಮುಂತುದಿಯಲ್ಲಿ ಎದೆಯುಬ್ಬಿಸಿ ನಿಂತಿದ್ದ. ಎದುರಿಗೆ ಬರುತ್ತಿದ್ದ ಮೀನುಗಾರಿಕೆ ದೋಣಿಗಳೆಲ್ಲ ನಮ್ಮನ್ನು ಕಂಡದ್ದೇ ಸರಸರನೆ ದೂರ ತಿರುಗಿದವು.

"ನೋಡ್ದ್ಯಾ ಭಾವ! ಹೆದರಿದ್ರು!"

ಹೆದರಿಕೆ ಎಲ್ಲಿಂದ ಬರಬೇಕು? ನೀರಿನಲ್ಲಿ ಬಲೆ ಬಿಟ್ಟ ಕಡೆ ಗುರುತಿಗೆಂದು ಬಿದಿರು ಕೋಲಿಗೆ ಕಪ್ಪು ಬಟ್ಟೆ ಕಟ್ಟುವುದು ನಮ್ಮಲ್ಲಿ ರೂಢಿ. ಯಾರದೋ ಬಲೆ ಹರಿದೀತು ಎಂದು ಪಾಪ ಅವರು ದಾರಿ ಬಿಟ್ಟಿದ್ದರು. ಒಬ್ಬನಂತೂ ದೂರದಿಂದಲೇ ಕೂಗಿ ಕೇಳಿದ, "ಓಯ್ ಮುಂಡಾಸು, ಬಂಗುಡೆ ಬಿತ್ತಾ?" ಮುನ್ನೂರು ವರ್ಷ ಹಳೆಯ ಕಡಲುಗಳ್ಳ ತಲೆ ತಗ್ಗಿಸಿ, "ಇಲ್ಲ ಮಾರಾಯ" ಎಂದ.

ದೋಚಿಸಿಕೊಳ್ಳುವವರು ಭಟ್ಕಳದ ಸಾಹೇಬರು. ಬಟ್ಟೆ ಅಂಗಡಿಯವರು, ಭಾವನ ಹಳೇ ಗೆಳೆಯರು. ಹಿಂದೆ ಅವರ ಪೈಕಿಯವರದು ಅರಬ್ ದೇಶಕ್ಕೆ ಹೋಗುವ ವ್ಯಾಪಾರದ ಹಡಗುಗಳಂತೆ. ಜರಿಯ ಟೋಪಿ ಹಾಕಿ, ಅತ್ತರು ಪೂಸಿಕೊಂಡು ಇನ್ನೊಂದು ದೋಣಿಯಲ್ಲಿ ಕುಳಿತಿರುತ್ತಾರೆ. ಭಾವ ಕತ್ತಿ ಹಿಡಿದು ಇತಿಹಾಸ ಭಾಷಣ ಶುರುಮಾಡಿದರೆ ಅವರು ಪಡುವಣದಲ್ಲಿ ಇಳಿಯುವ ಸೂರ್ಯನನ್ನು ನೋಡುತ್ತಾರೆ. "ಅರೆ ಭಾಯಿ, ದೋಚೋದಾದ್ರೆ ಬೇಗ ದೋಚು. ನಂಗೆ ಮಗ್ರಿಬ್ ನಮಾಜಿಗೆ ಹೊತ್ತಾಯ್ತು!"

"ಸಾಹೇಬ್ರೆ, ಸ್ವಲ್ಪ ಹೆದರಿದ ಹಾಗೆ ಆದ್ರೂ ಮಾಡಿ."

"ಜಿಎಸ್‌ಟಿ ಬಂದಾಗಿಂದ ಯಾರಿಗೂ ಹೆದರೋದು ಬಿಟ್ಟಿದ್ದೇನೆ!"

ದಾಳಿಯ ಕೊನೆಗೆ ಸೆರೆಯಾಳಿನ ಬಿಡುಗಡೆ. ಇದೇ ಭಾವನಿಗೆ ಮುಖ್ಯ, ದೋಚುವುದೆಲ್ಲ ನೆಪ. ಕಂಬಳಿ ಹೊದ್ದ ಒಬ್ಬ ಮನುಷ್ಯ ದೋಣಿಯಿಂದ ಇಳಿದು, ನೀರಿನಲ್ಲಿ ನಡೆದು, ದಡದಲ್ಲಿ ದೀಪ ಹಿಡಿದು ಕೂತ ಅತ್ತೆಯ ಮುಂದೆ ಬಂದು ನಿಲ್ಲಬೇಕು. ಆ ಪಾತ್ರ ಕರ್ಕಿಯ ಒಬ್ಬ ಹಳೇ ಯಕ್ಷಗಾನ ವೇಷಧಾರಿಯದು. ಅವರಿಗೆ ಪ್ರವೇಶದ ಕುಣಿತವಿಲ್ಲದೆ ಕಾಲು ಏಳುವುದಿಲ್ಲ, ಅರ್ಧ ತಾಸು ಅರ್ಥ ಹೇಳದೆ ಬಾಯಿ ನಿಲ್ಲುವುದಿಲ್ಲ. ಸೆರೆಯಾಳು ದೋಣಿಯಲ್ಲೇ ಗಿರಗಿರನೆ ಹಾರಿ ದಿಗಿಣ ಹಾಕಿ ನಾವೆಲ್ಲ ನೀರಿಗೆ ಬಿದ್ದದ್ದೂ ಉಂಟು. "ಬಿಟ್ಟು ಆತು ಮಾರಾಯ್ರೆ, ಇಳೀರಿ!" ಎಂದು ಕಳ್ಳರು ಸೆರೆಯಾಳಿಗೆ ಕೈಮುಗಿದ ದೃಶ್ಯ ಪ್ರಪಂಚದ ಇತಿಹಾಸದಲ್ಲಿ ಬೇರೆಲ್ಲೂ ಇರಲಾರದು.

ನಗು ಬರುತ್ತದಲ್ಲವೇ? ಆದರೆ ಆ ಕಂಬಳಿಯೊಳಗಿನ ಅಂಗಿ ಮಾತ್ರ ನನಗೆ ನಗು ತರಿಸುತ್ತಿರಲಿಲ್ಲ. ಅದು ಮಾವನ ಅಂಗಿ, ನೀಲಿ ಗೆರೆಯದು. ದಾಳಿಯ ಹಿಂದಿನ ದಿನ ಅತ್ತೆಯೇ ಟ್ರಂಕಿನಿಂದ ತೆಗೆದು, ಒಗೆದು, ಎರಡೂ ಮನೆಗಳ ನಡುವಿನ ಹಿತ್ತಲ ತಂತಿಗೆ ಹಾಕುತ್ತಾರೆ. ಕಡಲ ಗಾಳಿ ಹೊಕ್ಕರೆ ಅದರ ಹೊಟ್ಟೆ ತುಂಬುತ್ತದೆ, ತೋಳು ಏಳುತ್ತದೆ. ನನ್ನ ಹೆಂಡತಿ ಆ ದಿನ ಹಿತ್ತಲ ಬಾಗಿಲು ತೆಗೆಯುವುದಿಲ್ಲ.

ಹೋದ ವರ್ಷ ದಾಳಿಗೆ ವಾರವಿರುವಾಗ ನಾನು ಮತ್ತು ಭಾವ ಇಬ್ಬರೇ ಬಸವರಾಜ ದುರ್ಗದ ಕಡೆ ದೋಣಿ ಒಯ್ದೆವು. ಕಡಲ ನಡುವಿನ ಆ ಗುಡ್ಡದ ಹಾಳು ಕೋಟೆಯನ್ನು ಹತ್ತಿರದಿಂದ ನೋಡಬೇಕು ಎಂಬುದು ಅವನ ಹಟ. ಸಂಜೆ ತಿರುಗುವಾಗ ಮಂಜು ಮುಸುಕಿತು. ದುರ್ಗ ಮಾಯ, ದಡ ಮಾಯ, ದೋಣಿಯ ಮುಂತುದಿಯೂ ಮಸುಕು. ಆಗ ನನ್ನ ಎಂಜಿನ್ ನಿಂತಿತು. ನನ್ನ ಕೈಯಾರೆ ಬಿಚ್ಚಿ ಕಟ್ಟಿದ ಎಂಜಿನ್! ಪೆಟ್ರೋಲಿದೆ, ಪ್ಲಗ್ಗಿನಲ್ಲಿ ಕಿಡಿಯಿದೆ, ನಿಲ್ಲಲು ಒಂದೇ ಒಂದು ಕಾರಣವಿಲ್ಲ. ನನಗೆ ಹೆದರಿಕೆಗಿಂತ ಅವಮಾನವೇ ಜಾಸ್ತಿ ಆಯಿತು.

ಅಷ್ಟರಲ್ಲಿ ಮಂಜಿನೊಳಗಿನಿಂದ ಕೇಳಿಸಿತು. "ಹೋ..."

ನನ್ನ ಬಾಯಿ ತಾನಾಗಿ ತೆರೆಯಿತು. ಭಾವನ ತಣ್ಣನೆಯ ಕೈ ಅದನ್ನು ಮುಚ್ಚಿತು. "ಸುಮ್ನಿರು."

ಮತ್ತೆ, ಇನ್ನೂ ಹತ್ತಿರದಲ್ಲಿ: "ಹೋ..."

ಆಮೇಲೆ ಏನೂ ಇಲ್ಲ. ನೀರು ದೋಣಿಯ ಪಕ್ಕೆಯನ್ನು ನೆಕ್ಕುವ ಸದ್ದು ಮಾತ್ರ. ಭಾವ ಕತ್ತು ಚಾಚಿ ಬಹಳ ಹೊತ್ತು ಕಾದ. ಕೊನೆಗೆ, ಕಣ್ಣೆದುರೇ ಕುಮಟೆಯ ಬಸ್ ತಪ್ಪಿಸಿಕೊಂಡವನ ಧ್ವನಿಯಲ್ಲಿ, "ಮೂರನೇದು ಬರ್ಲಿಲ್ಲ" ಎಂದ.

ನಾನು ರೇಗಿದೆ. "ಎಂತದಾ ಭಾವ ನಿಂದು! ಮಾವ ಹೋಗಿ ನಲವತ್ತು ವರ್ಷ ದಾಟ್ತು. ಯಾವ ಕಡಲುಗಳ್ಳ ಇಷ್ಟು ವರ್ಷ ಅನ್ನ ಹಾಕಿ ಸಾಕ್ತಾನೆ?"

"ಅಪ್ಪ ಆ ದಿನವೇ ಸತ್ತ. ನಂಗೊತ್ತಿಲ್ಲ ಅಂದ್ಕಂಡ್ಯಾ?" ಎಂದ ಭಾವ. ಅವನ ಮುಖ ಕಾಣುತ್ತಿರಲಿಲ್ಲ. "ನಂಗೆ ಹತ್ತು ವರ್ಷ ಆದಾಗ್ಲೇ ಗೊತ್ತಾತು. ಆದ್ರೆ ನಾನು ಹೌದು ಅಂದ್ರೆ ಮರುದಿನ ಜನ ಬಂದು ಆಯಿಯ ಕುಂಕುಮ ಅಳಿಸ್ತ್ರು, ಬಳೆ ಒಡೀತ್ರು. ಕಳ್ಳರು ಇರೋ ತನಕ ಆಯಿಯ ಹಣೆ ಹಂಗೇ ಇರ್ತದೆ. ಆಯಿ ಇನ್ನೂ ನಂಬಿದ್ದಾಳೆ. ಅವಳಿಗೆ ಹೇಳ್ಬೇಡ."

ಹಗ್ಗ ಎಳೆದೆ. ಎಂಜಿನ್ ಒಂದೇ ಎಳೆತಕ್ಕೆ ಶುರುವಾಯಿತು. ಯಾಕೆ ನಿಂತಿತ್ತು ಎಂದು ಮನೆಗೆ ಬಂದು ಪೂರ್ತಿ ಬಿಚ್ಚಿ ನೋಡಿದೆ. ಸಿಗಲಿಲ್ಲ.

ಅಮಾವಾಸ್ಯೆ ಬಂತು. ದೋಣಿಗಳು ಇಳಿದವು, ಸಾಹೇಬರು ದೋಚಿಸಿಕೊಂಡು ನಮಾಜಿಗೆ ಹೋದರು. ಗೋಕರ್ಣದ ಓಂ ಬೀಚಿಗೆಂದು ಬಂದ ಪ್ರವಾಸಿಗರು ಕೆಲವರು ದಾರಿ ತಪ್ಪಿ ಇಲ್ಲಿಗೆ ಬಂದು ರೀಲ್ಸ್ ಮಾಡಿಕೊಂಡು ಹೋದರು. ಸೆರೆಯಾಳೇ ಇಲ್ಲ! ಕರ್ಕಿಯವರು ಕುಮಟೆಯ ಮಗಳ ಮನೆಯಲ್ಲಿ ಮಂಡಿನೋವಿನಿಂದ ಮಲಗಿದ್ದಾರೆ ಎಂದು ಫೋನ್ ಬಂತು. ಭಾವ ನನ್ನನ್ನು ನೋಡಿದ.

"ನಾನಾ? ನಾನು ದುಡಿದು ತಿನ್ನುವವ, ವೇಷ ಕಟ್ಟುವವ ಅಲ್ಲ!"

"ಆಯಿ ದೀಪ ಹಿಡ್ಕಂಡು ಕೂತಿದ್ದಾಳೆ ಭಾವ."

ಅಂಗಿ ಹಾಕಿಕೊಂಡೆ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ತಲೆಯ ಮೇಲೆ ಕಂಬಳಿ ಹೊದ್ದು ಇಳಿದೆ. ನೀರು ಮೊಣಕಾಲಿಗೆ, ಆಮೇಲೆ ಪಾದಕ್ಕೆ. ಚಂಡೆ ನಿಂತಿತು. ಎದುರಿಗೆ ಒಂದೇ ಒಂದು ದೀಪ. ಹತ್ತಿರ ಹೋದಂತೆ, ನಾನು ನಡೆಯುತ್ತಿದ್ದೇನೋ, ಅಂಗಿ ನನ್ನನ್ನು ನಡೆಸುತ್ತಿದೆಯೋ ತಿಳಿಯದಾಯಿತು. ಅತ್ತೆ ಎದ್ದು ನಿಂತರು. ದೀಪ ಎತ್ತಿದರು.

"ಇಷ್ಟು ತಡ ಆತಾ?" ಎಂದರು.

ಅತ್ತೆ ಕಂಬಳಿಯೊಳಗೆ ಕೈ ಹಾಕಿ ನನ್ನ ಬೆರಳುಗಳನ್ನು ಹಿಡಿದು, ಉಗುರಿನ ಮೇಲೆ ಹೆಬ್ಬೆರಳು ಆಡಿಸಿ, ಯಾರಿಗೂ ಕೇಳದಂತೆ ಹೇಳಿದರು: "ನೀನು ಅಂತ ಗೊತ್ತಾತು ತಮಾ, ಆಯಿಲ್ ವಾಸನೆ. ಹಾಂಗೇ ನಿಂತ್ಕ. ದೋಣಿಯಿಂದ ನೋಡ್ತಾ ಇದ್ದಾನೆ ಅವನು."

"ಅತ್ತೆ..."

"ಅವರು ಇಲ್ಲ ಅಂತ ನಂಗೆ ಆ ದಿನ ಸಂಜೆಯೇ ಗೊತ್ತಿತ್ತು. ಅನ್ನ ಉಣ್ಣಲಿ ಅಂತ ಹುಡುಗನಿಗೆ ಒಂದು ಸುಳ್ಳು ಹೇಳ್ದೆ. ಅವನು ಅದನ್ನೇ ಹಿಡ್ಕಂಡು ಬದುಕಿದ. ಈಗ ನಾನು ಕುಂಕುಮ ತೆಗೆದ್ರೆ ಅವನ ಅಪ್ಪ ಇವತ್ತು ಸಾಯ್ತಾನೆ. ಅವನಿಗೆ ಹೇಳ್ಬೇಡ."

ಆಗ ಕಡಲ ಕಡೆಯಿಂದ ಕೇಳಿಸಿತು. "ಹೋ..." ಭಾವ ದೋಣಿಯಿಂದ ಕರೆಯುತ್ತಿದ್ದಾನೆ ಎಂದುಕೊಂಡೆ. ಎರಡನೆಯದು ಬಂತು. ಅತ್ತೆ ನನ್ನ ಕೈ ಬಿಡಲಿಲ್ಲ. ಮೂರನೆಯದೂ ಬಂತು. ಅತ್ತೆ ದೀಪ ಇನ್ನಷ್ಟು ಎತ್ತಿ, ಹಿತ್ತಲಿನಿಂದ ಕರೆದ ಗಂಡನಿಗೆ ಅಡುಗೆಮನೆಯಿಂದ ಉತ್ತರ ಕೊಡುವವರ ಹಾಗೆ, "ಓ" ಎಂದರು. ಅಷ್ಟೇ. ಬಟ್ಟಲು ಹಾಕಲು ಮನೆಗೆ ಹೊರಟರು.

ಭಾವ ನೀರಿನಲ್ಲಿ ಏದುಸಿರು ಬಿಡುತ್ತ ಓಡಿ ಬಂದ. "ಕೂಗಿದ್ದು ನೀನಾ ಭಾವ?"

"ನೀನಲ್ವಾ?" ಎಂದೆ. ಇಬ್ಬರೂ ಆ ಮಾತು ಮತ್ತೆ ಎತ್ತಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಅತ್ತೆಯ ಕುಂಕುಮ ನಿನ್ನೆಗಿಂತ ಸ್ವಲ್ಪ ದೊಡ್ಡದೇ ಇತ್ತು.

ಇದನ್ನೆಲ್ಲ ಬರೆದರೆ ಗುಟ್ಟು ರಟ್ಟಾಗುವುದಿಲ್ಲವೇ ಎಂದು ಕೇಳಬಹುದು. ಅತ್ತೆಗೆ ಓದಲು ಬರುವುದಿಲ್ಲ. ಭಾವ ಮುನ್ನೂರು ವರ್ಷಕ್ಕಿಂತ ಈಚಿನದನ್ನು ಓದುವುದಿಲ್ಲ. ಓದುವವಳು ನನ್ನ ಹೆಂಡತಿ ಒಬ್ಬಳೇ. ಅಪ್ಪನ ಕರ್ಮ ಯಾವಾಗ ಎಂದು ಈ ವರ್ಷವೂ ಕೇಳಿದಳು. ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ, ಅದಕ್ಕೇ ಬರೆದೆ. ಓದಿ ಆದಮೇಲೆ ಆ ಹಿತ್ತಲ ಬಾಗಿಲು ತೆಗೆ ಮಾರಾಯ್ತಿ.

ಏಳನೇ ತರಗತಿ ಮುಗಿಸದವನ ಹತ್ತಿರ ಈಗ ಇರುವುದು ಇಷ್ಟು: ಸ್ವಂತದ ಶೆಡ್ ಒಂದು, ದೋಣಿ ಒಂದು, ಕಾರಣವಿಲ್ಲದೆ ನಿಂತ ಎಂಜಿನ್ ಒಂದು, ಹೆಂಡತಿ ಒಬ್ಬಳು, ಕೈ ತಣ್ಣಗಿರುವ ಭಾವ ಒಬ್ಬ, ಕುಂಕುಮವಿಟ್ಟ ಅತ್ತೆ ಒಬ್ಬರು, ಅಳತೆಗೆ ಸರಿಯಾಗಿ ಕೂರುವ ನೀಲಿ ಗೆರೆಯ ಅಂಗಿ ಒಂದು, "ಹೇಳ್ಬೇಡ" ಎಂದವರು ಇಬ್ಬರು.