ಟ್ಯಾಕ್ಟಿಕಲ್ ಹುಡುಗಿಯ ಬಯೋಡೇಟಾ

ನಮ್ಮ ಕುಟುಂಬದಲ್ಲಿ ಇಂಗ್ಲಿಷಿನ ಜವಾಬ್ದಾರಿ ನನ್ನದು. ಉಳಿದವರೆಲ್ಲ ತಲೆಮಾರುಗಳಿಂದ ಕಡಲಿಗೆ ಬಲೆ ಬೀಸಿದವರು. ನಾನೊಬ್ಬ ಮಾತ್ರ ಪಣಂಬೂರಿನ ಸರಕು ಸಾಗಣೆಯ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಇಂಗ್ಲಿಷ್ ಪತ್ರ ಟೈಪ್ ಮಾಡುತ್ತಿರುವವನು. ಆ ಪತ್ರಗಳನ್ನು ಬರೆಯುವವರು ಬೇರೆಯವರು ಎಂಬ ಸೂಕ್ಷ್ಮವನ್ನು ಮನೆಯಲ್ಲಿ ಯಾರಿಗೂ ವಿವರಿಸಲು ಹೋಗಿರಲಿಲ್ಲ.

ಹಾಗಾಗಿ ಅಕ್ಕನ ಮಗಳು ರಶ್ಮಿತಾಳಿಗೆ ಶಕ್ತಿನಗರದಿಂದ ಒಂದು ಸಂಬಂಧ ಬಂದಾಗ, ಬಯೋಡೇಟಾ ಬರೆಯುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ರಶ್ಮಿತಾ ಶಾಲೆಯೊಂದರಲ್ಲಿ ಆಟದ ಟೀಚರ್. ಸೀಟಿ ಊದದೆ ಬರೀ ಗಂಟಲಿನಿಂದಲೇ ಇಡೀ ಮೈದಾನವನ್ನು ನಿಲ್ಲಿಸಬಲ್ಲವಳು. ಮೊದಲು ಬಂದ ನಾಲ್ಕು ಹುಡುಗರ ಫೋಟೋ ನೋಡಿ ನಕ್ಕಿದ್ದವಳು ಈ ಫೋಟೋ ನೋಡಿ ಸುಮ್ಮನಾಗಿದ್ದಳು. ಅಕ್ಕನಿಗೆ ಅದೇ ಆಸೆ, ಅದೇ ಭಯ.

"ತಮ್ಮಾ, ತ್ರೋಬಾಲ್, ಗೆದ್ದ ಕಪ್ಪು ಅಂತ ಮಾತ್ರ ಬರೆದ್ರೆ ಅವರು ಹೆದರಿಯಾರು. ಇವಳಿಗೆ ನಯವಿನಯ ಉಂಟು ಅಂತಲೂ ಬರಿ ಮಾರಾಯ" ಎಂದಳು.

ನಯವಿನಯಕ್ಕೆ ಇಂಗ್ಲಿಷಿನಲ್ಲಿ ಎಂತ? ಯೋಚಿಸಿದೆ. ನಮ್ಮ ಮ್ಯಾನೇಜರರು ಸದಾ "ಗಿರಾಕಿಗಳ ಹತ್ತಿರ ಟ್ಯಾಕ್ಟ್ ಬೇಕು" ಎನ್ನುತ್ತಾರೆ. ಮ್ಯೂಸಿಕ್‌ನಿಂದ ಮ್ಯೂಸಿಕಲ್, ಲಾಜಿಕ್‌ನಿಂದ ಲಾಜಿಕಲ್. ಅಂದ ಮೇಲೆ ಟ್ಯಾಕ್ಟ್‌ನಿಂದ ಟ್ಯಾಕ್ಟಿಕಲ್! ನಾನೇ ಹುಟ್ಟಿಸಿದೆನೆಂದುಕೊಂಡಿದ್ದ ಆ ಶಬ್ದ ಕಂಪ್ಯೂಟರಿನಲ್ಲೂ ಇತ್ತು. ಕೆಳಗೆ ಕೆಂಪು ಗೆರೆ ಬೀಳಲಿಲ್ಲ. ಇನ್ನೇನು ಬೇಕು?

‘ವೆರಿ ಟ್ಯಾಕ್ಟಿಕಲ್ ಗರ್ಲ್. ಟ್ಯಾಕ್ಟಿಕಲ್ ವಿತ್ ಎಲ್ಡರ್ಸ್. ವಿಲ್ ಬಿ ಎಸ್ಪೆಶಲಿ ಟ್ಯಾಕ್ಟಿಕಲ್ ವಿತ್ ಮದರ್-ಇನ್-ಲಾ’ ಎಂದು ಟೈಪಿಸಿ, ಯಾರಿಗೂ ತೋರಿಸದೆ ವಾಟ್ಸಾಪಿನಲ್ಲಿ ಕಳಿಸಿಬಿಟ್ಟೆ.

ಮರುದಿನ ಹುಡುಗನ ತಂದೆಯ ಫೋನು ಬಂತು.

"ನಾನು ಇಪ್ಪತ್ತೆರಡು ವರ್ಷ ಮಿಲಿಟರಿಯಲ್ಲಿದ್ದವ. ಹುಡುಗಿ ಟ್ಯಾಕ್ಟಿಕಲ್ ಅಂತ ಬರೆದಿದ್ದೀರಿ. ಅತ್ತೆ ಹತ್ತಿರ ಸ್ಪೆಶಲ್ ಟ್ಯಾಕ್ಟಿಕಲ್ ಅಂತೆ. ನಿಜವಾ?"

ನನ್ನ ಎದೆ ಉಬ್ಬಿತು. "ನೂರಕ್ಕೆ ನೂರು ನಿಜ ಸಾರ್! ಸಣ್ಣದಿರುವಾಗಲೇ ಮನೆಯಲ್ಲಿ ಟ್ರೈನಿಂಗ್ ಆಗಿದೆ. ಅವಳ ಅಮ್ಮ, ಅಜ್ಜಿ, ಎಲ್ಲರೂ ಟ್ಯಾಕ್ಟಿಕಲ್ಲೇ!"

"ಹಾಗಾದ್ರೆ ಭಾನುವಾರ ಬರ್ತೇವೆ. ನೋಡಿಯೇ ಬಿಡುವಾ" ಎಂದು ಫೋನು ಇಟ್ಟರು.

ನನ್ನ ಹೆಂಡತಿ ಸುಜಾತಳಿಗೆ ಆ "ನೋಡಿಯೇ ಬಿಡುವಾ" ಸರಿ ಕಾಣಲಿಲ್ಲ. ತನ್ನ ಮೊಬೈಲಿನಲ್ಲಿ ಅರ್ಥ ಹುಡುಕಿ ಗಟ್ಟಿಯಾಗಿ ಓದಿದಳು: "ಯುದ್ಧತಂತ್ರಕ್ಕೆ ಸಂಬಂಧಿಸಿದ, ಎದುರಾಳಿಯನ್ನು ಮಣಿಸಲು ಯೋಜಿಸಿದ."

"ಅದು ಬೇರೆ ಟ್ಯಾಕ್ಟಿಕಲ್ ಇರಬೇಕು" ಎಂದೆ.

"ಇವರೇ, ಶಬ್ದ ಒಂದೇ ಉಂಟು. ಫೋನ್ ಮಾಡಿ, ತಪ್ಪಾಯ್ತು ಅಂತ ಕನ್ನಡದಲ್ಲಿ ಹೇಳಿ."

ಕನ್ನಡದಲ್ಲಿ! ಇಪ್ಪತ್ತು ವರ್ಷದ ಮರ್ಯಾದೆಯ ಪ್ರಶ್ನೆ. ನಮ್ಮ ಕಚೇರಿಗೆ ಬರುವ ದೊಡ್ಡವರೆಲ್ಲ ಬಂದರನ್ನು ‘ಸ್ಟ್ರಾಟೆಜಿಕ್’ ಎಂದು ಹೊಗಳುವುದನ್ನು ಕೇಳಿದ್ದೆ. ಹೊಗಳಿಕೆಯ ಶಬ್ದವೇ ತಾನೆ? ಸುಜಾತ ಅಡುಗೆಮನೆಗೆ ಹೋದದ್ದೇ ತಡ, ‘ಸಾರಿ ಸಾರ್. ನಾಟ್ ಟ್ಯಾಕ್ಟಿಕಲ್. ಗರ್ಲ್ ಈಸ್ ಸ್ಟ್ರಾಟೆಜಿಕ್’ ಎಂದು ಕಳಿಸಿದೆ.

ಅವರು ಓದಿದರೆಂದು ಎರಡು ನೀಲಿ ಟಿಕ್ಕು ಬಿದ್ದವು.

ಭಾನುವಾರ ದೇರೆಬೈಲಿನ ಅಕ್ಕನ ಮನೆಗೆ ತಂದೆ, ತಾಯಿ, ಹುಡುಗ ಮೂವರೂ ಬಂದರು. ತಂದೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕುಳಿತರು. ರಶ್ಮಿತಾ ಗೋಳಿಬಜೆ, ಚಹಾ ತಂದಿಟ್ಟಳು. ಹುಡುಗನ ತಂದೆ ಮುಟ್ಟಲಿಲ್ಲ. ನನ್ನತ್ತ ತಿರುಗಿದರು.

"ಮಾರಾಯ್ರೇ, ಮಿಲಿಟರಿಯಲ್ಲಿ ನಮಗೆ ಕಲಿಸಿದ್ದು ಹೀಗೆ. ಇಡೀ ಯುದ್ಧ ಗೆಲ್ಲುವ ದೊಡ್ಡ ಲೆಕ್ಕಾಚಾರ ಸ್ಟ್ರಾಟೆಜಿಕ್. ಎದುರಿಗಿರುವ ಗುಡ್ಡವನ್ನು ಈಗಲೇ ಹಿಡಿಯುವ ಉಪಾಯ ಟ್ಯಾಕ್ಟಿಕಲ್. ನೀವು ಎರಡನ್ನೂ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಗುಡ್ಡ ಯಾರು? ಇವಳಾ?" ಎಂದು ಹೆಂಡತಿಯನ್ನು ತೋರಿಸಿದರು.

ಅಕ್ಕನ ಮುಖ ಬಿಳುಚಿತು. ನಾನು ಬಾಯಿ ತೆರೆದೆ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ.

ರಶ್ಮಿತಾ ನನ್ನ ಮೊಬೈಲು ಕೇಳಿ ತೆಗೆದುಕೊಂಡು ತನ್ನ ಬಯೋಡೇಟಾವನ್ನು ಮೊದಲ ಬಾರಿ ಓದಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ಮೈದಾನದ ಗಂಟಲಿನಲ್ಲೇ ನಕ್ಕುಬಿಟ್ಟಳು!

"ಮಾಮ, ನಿಮಗೆ ಬೇಕಾದದ್ದು ‘ಟ್ಯಾಕ್ಟ್‌ಫುಲ್’. ಇನ್ನೊಬ್ಬರಿಗೆ ನೋವಾಗದ ಹಾಗೆ ಮಾತಾಡುವವರು ಅಂತ." ಮತ್ತೆ ಅತಿಥಿಗಳ ಕಡೆ ತಿರುಗಿದಳು. "ನಿಜ ಹೇಳ್ತೇನೆ, ನಾನು ಅದೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ. ಗಟ್ಟಿಯಾಗಿಯೇ ಹೇಳ್ತೇನೆ."

ಎಲ್ಲ ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

ಆಗ ಹುಡುಗನ ತಾಯಿ ಒಂದು ಗೋಳಿಬಜೆ ಎತ್ತಿಕೊಂಡರು. "ನನಗೆ ಇವಳೇ ಆಗ್ಬೇಕು. ಈ ಮಿಲಿಟರಿಯವರ ಹತ್ತಿರ ಮೂವತ್ತು ವರ್ಷದಿಂದ ಒಬ್ಬಳೇ ಹೋರಾಡಿ ಸಾಕಾಗಿದೆ. ನನ್ನ ಕಡೆ ಒಂದು ಜನ ಬೇಕು." ಅಷ್ಟರವರೆಗೆ ನೆಲ ನೋಡುತ್ತಿದ್ದ ಹುಡುಗ ರಶ್ಮಿತಾಳನ್ನು ನೋಡಿ ನಕ್ಕ. ಈ ಸಲ ಅವಳು ನಾಚಿಕೊಂಡಳು. ಮಿಲಿಟರಿ ಚಹಾ ಕುಡಿಯಿತು.

ನಿಶ್ಚಿತಾರ್ಥದ ಕಾರ್ಡನ್ನು ಯಾರು ಬರೆಯುವುದು ಎಂಬ ಮಾತು ಬಂದಾಗ ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕ ನನ್ನ ಕಿಸೆಯ ಪೆನ್ನು ತೆಗೆದು ಸುಜಾತಳ ಕೈಗೆ ಕೊಟ್ಟಳು. ನಿಶ್ಚಿತಾರ್ಥದ ದಿನ ನನಗೆ ಐಸ್‌ಕ್ರೀಮ್ ಹಂಚುವ ಕೆಲಸ ಸಿಕ್ಕಿತು. ಅದರಲ್ಲಿ ಇದ್ದದ್ದೇ ಎರಡು ಇಂಗ್ಲಿಷ್ ಶಬ್ದ, ವೆನಿಲಾ ಮತ್ತು ಸ್ಟ್ರಾಬೆರಿ. ಯಾವುದಕ್ಕೂ ಇರಲಿ ಅಂತ, ಅತಿಥಿಗಳಿಗೆ ಯಾವುದು ಬೇಕೆಂದು ಬೆರಳು ತೋರಿಸಿಯೇ ಕೇಳಿದೆ!